ಎರಡನೇ ಪುಟ

ಶೈಲಾ ಗಂಡನ ಮನೆ ಬಿಟ್ಟು ಬೆಟಗೇರಿಯ ತವರಿಗೆ ಬಂದಾಗ ಮಗಳನ್ನು ಕರೆತರಲು ಆಗಿರಲಿಲ್ಲ. ಎಂಟು ವರ್ಷದ ಚಿನ್ಮಯಿ ಆ ಹೊತ್ತಿಗೆ ಮುಂಡರಗಿಯಲ್ಲಿ ಶಾಲೆಯಲ್ಲಿದ್ದಳು. ಸಂಜೆ ಫೋನ್ ಮಾಡಿದರೆ ಅತ್ತೆ ಅಮೃತವ್ವ ಎತ್ತಿಕೊಂಡು, "ಹೋಗಾಕಿ ನೀ ಹೋಗೀದಿ. ಕೂಸು ಈ ಮನೀದು" ಎಂದವಳೇ ಇಟ್ಟುಬಿಟ್ಟಳು.

ಗಂಡ ಕೊಟ್ರೇಶನದು ಮುಂಡರಗಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಹಮ್ಮಿಗಿ, ಸಿಂಗಟಾಲೂರು ಕಡೆಯ ರೈತರೆಲ್ಲ ಅವನಲ್ಲಿಗೇ ಬರುತ್ತಿದ್ದರು. ಮೋಟರು ಸುಟ್ಟರೆ ಭಾನುವಾರವೂ ಹೊಲಕ್ಕೆ ಬಂದು ನೋಡುವ ಮನುಷ್ಯ ಎಂದು ಹೆಸರಿತ್ತು. ಅಂಥವನು ಹೆಂಡತಿಗೆ ಹೊಡೆಯುತ್ತಾನೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಮೊದಲ ಎರಡು ಸಲ ಶೈಲಾ ಕೂಡ ಯಾರಿಗೂ ಹೇಳಲಿಲ್ಲ. ಮೂರನೇ ಸಲ ಅಂಗಡಿಯಲ್ಲೇ, ಊಟದ ಡಬ್ಬಿ ತಡವಾಗಿ ತಂದಳೆಂದು, ಇಬ್ಬರು ಗಿರಾಕಿಗಳ ಎದುರು ಕೆನ್ನೆಗೆ ಬಾರಿಸಿದ. ಗಿರಾಕಿಗಳು ಪೈಪು ನೋಡುವವರಂತೆ ಆ ಕಡೆ ತಿರುಗಿದರು. ಅವಳು ಡಬ್ಬಿಯನ್ನು ಕೌಂಟರಿನ ಮೇಲಿಟ್ಟು ಹಾಗೆಯೇ ಬಸ್ ಸ್ಟ್ಯಾಂಡಿಗೆ ನಡೆದಳು.

ಬೆಟಗೇರಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಎರಡು ತಿಂಗಳ ಮೇಲೆ ಗದಗಿನ ಕೋರ್ಟಿನಲ್ಲಿ ವಿಚ್ಛೇದನಕ್ಕೂ ಮಗಳ ಪಾಲನೆಗೂ ಅರ್ಜಿ ಹಾಕಿದಳು. ಅವಳ ವಕೀಲ ಅಝೀಮ ಲಕ್ಷ್ಮೇಶ್ವರದವನು, ನಿಧಾನಕ್ಕೆ ಮಾತಾಡುವವನು. ಮೊದಲ ದಿನವೇ ಕೇಳಿದ, "ಟೀಚರ್ರ, ಅವರ ಕೈಯಾಗ ನಿಮ್ಮ ಮ್ಯಾಲೆ ಹೇಳುವಂಥಾದ್ದು ಏನರ ಐತೇನ್ರಿ? ಇದ್ದರ ಈಗ ಹೇಳಿಬಿಡ್ರಿ. ನನಗ ಅದು ಮೊದಲ ಕೋರ್ಟಿನ್ಯಾಗ ಗೊತ್ತಾಗಬಾರದು."

ಶೈಲಾ ಯೋಚಿಸಿಯೇ "ಏನಿಲ್ರಿ" ಎಂದಳು. ಅವಳು ಸುಳ್ಳು ಹೇಳಲಿಲ್ಲ. ಎಂಟು ವರ್ಷದ ಹಿಂದಿನ ಕಾಯಿಲೆ ತನ್ನ ಮೇಲೆ ಹೇಳುವಂಥದ್ದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಚಿನ್ಮಯಿ ಹುಟ್ಟಿ ಐದು ತಿಂಗಳಾಗಿದ್ದಾಗ ಶೈಲಾಳಿಗೆ ನಿದ್ದೆ ಹಾರಿಹೋಗಿತ್ತು. ಮಗು ಅತ್ತರೆ ಎದೆ ಹೊಡೆದುಕೊಳ್ಳುತ್ತಿತ್ತು, ಬೇಡದ ಯೋಚನೆಗಳು ಬರುತ್ತಿದ್ದವು. ಒಂದು ದಿನ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಗಂಡನ ಮುಂದೆ ಕೂತು ಎಲ್ಲವನ್ನೂ ಹೇಳಿ ಅತ್ತಿದ್ದಳು. ಆಗ ಕೊಟ್ರೇಶ ಹೊಡೆಯುವವನಾಗಿರಲಿಲ್ಲ. ಅವನೇ ಗಾಡಿಯ ಮೇಲೆ ಗದಗಿನ ಮಾನಸಿಕ ಚಿಕಿತ್ಸಾಲಯವೊಂದಕ್ಕೆ ಕರೆದುಕೊಂಡು ಹೋದ. ಮೊದಲ ದಿನ ಅಲ್ಲಿಯ ಡಾಕ್ಟರು ಪರೀಕ್ಷಿಸಿ, ಬರೆದುಕೊಂಡ ಎರಡು ಪುಟಗಳನ್ನು ಅವಳಿಗೇ ಓದಿ ಹೇಳಿದರು. ಆಮೇಲೆ ಅಫ್ರೀನ ಎಂಬ ಆಪ್ತಸಮಾಲೋಚಕಿ ಗುರುವಾರಕ್ಕೊಮ್ಮೆ ಒಂದು ತಾಸು ಅವಳ ಮಾತು ಕೇಳುತ್ತಿದ್ದಳು. ಕೊಟ್ರೇಶ ಹೊರಗೆ ಕುರ್ಚಿಯ ಮೇಲೆ ಕಾಯುತ್ತಿದ್ದ. ತಿರುಗಿ ಬರುವಾಗ ಡಂಬಳದಲ್ಲಿ ಗಾಡಿ ನಿಲ್ಲಿಸಿ ಮಿರ್ಚಿ ಭಜಿ ಕೊಡಿಸುತ್ತಿದ್ದ.

"ಇದು ನಮ್ಮಿಬ್ಬರೊಳಗ ಇರಲಿ. ಅವ್ವಗೂ ಹೇಳೂದಿಲ್ಲ ನಾ" ಎಂದಿದ್ದ.

ಏಳು ತಿಂಗಳಲ್ಲಿ ಶೈಲಾ ಪೂರ್ತಿ ಚೇತರಿಸಿಕೊಂಡಳು. ಆ ಮಾತನ್ನು ಎಂಟು ವರ್ಷ ಅವನು ಉಳಿಸಿಕೊಂಡಿದ್ದ.

ಕೋರ್ಟಿನ ನೋಟಿಸು ಅಂಗಡಿಗೆ ಬಂದ ವಾರವೇ ಅವನು ಆ ಚಿಕಿತ್ಸಾಲಯಕ್ಕೆ ಹೋದ. ಅಂದು ಅಫ್ರೀನ ರಜೆಯಲ್ಲಿದ್ದಳು. ವಿಮೆಗೆ ಹಳೆಯ ದಾಖಲೆ ಬೇಕೆಂದು ಹೇಳಿ, ಆಧಾರ್ ಕಾರ್ಡು ತೋರಿಸಿದ. ಸ್ವಾಗತದ ಮೇಜಿನ ಹೆಂಗಸು ಕಪಾಟಿನಿಂದ ಫೈಲು ತೆಗೆದು, ಬೇಕಾದ ಪುಟಗಳನ್ನು ಅವನೇ ಆರಿಸಿಕೊಳ್ಳಲು ಬಿಟ್ಟು, ಝೆರಾಕ್ಸ್ ಮಾಡಿಸಿ ಕೊಟ್ಟಳು. ಆಮೇಲೆ ಅಝೀಮ ಹೋಗಿ ಜಬರಿಸಿದಾಗ ಅವಳು ಗಾಬರಿಯಿಂದ, "ಗಂಡ ಅಂದ ಮ್ಯಾಲ ಇಲ್ಲ ಅನ್ನಾಕ ಹೆಂಗ ಬರತೈತ್ರಿ ಸರ?" ಎಂದಳು.

ಮುಂದಿನ ತಾರೀಖಿಗೆ ಕೊಟ್ರೇಶನ ವಕೀಲ ಅಂದಾನಪ್ಪ ಆ ಹಾಳೆಗಳನ್ನು ಹಿಡಿದು ಎದ್ದು ನಿಂತ. ಹಳೆಯ ವಕೀಲ, ಕಂಚಿನ ಕಂಠ. ಕೋಣೆಯಲ್ಲಿ ಬೇರೆ ಕೇಸುಗಳ ಜನ ಹದಿನೈದು ಮಂದಿಯಾದರೂ ಇದ್ದರು. ಹಿಂದಿನ ಬೆಂಚಿನಲ್ಲಿ ಶೈಲಾಳ ತಾಯಿ ಅನ್ನಪೂರ್ಣವ್ವ ಕೂತಿದ್ದಳು.

"ಸ್ವಾಮಿ, ಅರ್ಜಿದಾರಳು ತಾನೇ ಹೇಳಿದ ಮಾತು ಇದು" ಎಂದು ಅವನು ಓದಲು ಶುರು ಮಾಡಿದ. "ತಲೆದಿಂಬನ್ನು ಮಗುವಿನ ಮುಖದ ಮೇಲೆ ಒತ್ತಿ ಅದರ ಅಳುವನ್ನು ನಿಲ್ಲಿಸಬೇಕೆಂಬ ಯೋಚನೆ ಪದೇ ಪದೇ ಬರುತ್ತದೆ ಎಂದು ಹೇಳುತ್ತಾಳೆ."

ಅಝೀಮ ಕೂಗಿಕೊಂಡೇ ಎದ್ದ. ನ್ಯಾಯಾಧೀಶೆ ಕೈಯೆತ್ತಿ ಅಂದಾನಪ್ಪನನ್ನು ತಡೆದರು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಹೆಂಗಸು, ಬಿಗಿಮುಖದವರು. "ಇದನ್ನು ನೀವು ಹೇಗೆ ತಂದಿರಿ ಅಂತ ಆಮೇಲೆ ಕೇಳ್ತೀನಿ. ಇನ್ನೊಂದು ಸಾಲೂ ಓದಬೇಡಿ" ಎಂದರು. ಹಾಳೆಗಳನ್ನು ಲಕೋಟೆಗೆ ಹಾಕಿ ಮೊಹರು ಮಾಡಿಸಿದರು. ಇನ್ನು ಮುಂದೆ ಈ ಕೇಸು ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ, ಅದರ ಪ್ರತಿಯಾಗಲಿ ಮಾತಾಗಲಿ ಹೊರಗೆ ಹೋಗಕೂಡದು ಎಂದು ಆದೇಶ ಬರೆಸಿದರು.

ಹೊರಗೆ ಬೇವಿನ ಮರದ ಕೆಳಗೆ ಅಝೀಮ ಹೇಳಿದ, "ಆದೇಶ ಚಲೋ ಬಂತ್ರಿ. ಆದ್ರ ಒಂದು ಮಾತು. ಅಂವ ಆ ದಿನದ್ದು ಮೊದಲನೇ ಪುಟ ಅಷ್ಟೇ ಹಾಕ್ಯಾನ. ಎರಡನೇದರಾಗ ಏನೈತ್ರಿ?"

"ಆ ವಿಚಾರಕ್ಕ ನಾನ ಅಂಜಿ ಕೂಸಿನ್ನ ಅತ್ತಿ ಕೈಯಾಗ ಕೊಟ್ಟು ಹೊರಗ ಓಡತಿದ್ದೆ ಅಂತ ಐತ್ರಿ. ಇದು ಬಾಣಂತಿಯರಿಗೆ ಬರೋ ಬ್ಯಾನಿ, ಕೂಸಿಗೆ ಇಕಿಯಿಂದ ಏನೂ ಅಪಾಯಿಲ್ಲ ಅಂತ ಡಾಕ್ಟರು ಬರದಾರ."

"ಹಂಗಾರ ನಾವು ಅದನ್ನ ತೋರಸೂಣ."

"ಅದೊಂದ ತೋರಸಾಕ ಬರತೈತೇನ್ರಿ?"

"ಇಲ್ರಿ. ಒಂದು ಪುಟ ನಾವು ತಗದ್ವಿ ಅಂದ್ರ ಇಡೀ ಫೈಲ್ ತಗೀರಿ ಅಂತಾರ."

ಆ ಫೈಲಿನಲ್ಲಿ ಏಳು ತಿಂಗಳ ಗುರುವಾರಗಳಿದ್ದವು. ತನ್ನ ಹಾಸಿಗೆಯ ಮಾತು, ತನ್ನ ತಾಯಿಯ ಮೇಲಿನ ಸಿಟ್ಟು, ಯಾರ ಮುಂದೆಯೂ ಆಡದ ಮಾತುಗಳನ್ನು ಶೈಲಾ ಅಲ್ಲಿ ಆಡಿದ್ದಳು. "ಮುಚ್ಚಿದ್ದು ಮುಚ್ಚೇ ಇರಲ್ರಿ" ಎಂದಳು.

ಮನೆಗೆ ಬರುವ ಆಟೋದಲ್ಲಿ ಅನ್ನಪೂರ್ಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಮನೆಯ ತಿರುವು ಬಂದಾಗ ಮೆಲ್ಲಗೆ ಕೇಳಿದಳು, "ಖರೇನ ಏನ ಶೈಲಾ? ಕೂಸಿನ್ನ ಕೊಲ್ಲಬೇಕಂತ ಮಾಡಿದ್ದೇನ?" ಶೈಲಾ ಆಟೋದವನಿಗೆ ತಿರುವು ತೋರಿಸಿದಳು. ಆ ವಾರದೊಳಗೆ ಓಣಿಯ ಹೆಂಗಸರಿಬ್ಬರು ತಮ್ಮ ಮಕ್ಕಳನ್ನು ಅವಳ ಮನೆಪಾಠಕ್ಕೆ ಕಳಿಸುವುದನ್ನು ಬಿಟ್ಟರು. ಕಾರಣ ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ತೀರ್ಮಾನಕ್ಕೆ ಮುಂಚೆ ಮಗುವಿನ ಜೊತೆ ತಾವೊಬ್ಬರೇ ಮಾತಾಡಬೇಕು, ಮುಂದಿನ ತಾರೀಖಿಗೆ ಕರೆತನ್ನಿ ಎಂದು ನ್ಯಾಯಾಧೀಶೆ ಹೇಳಿದ್ದರು. ಅದಕ್ಕೆ ಮೂರು ದಿನ ಮುಂಚೆ, ಭಾನುವಾರ ಮಧ್ಯಾಹ್ನ, ಕೊಟ್ರೇಶ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡ. ಕೋರ್ಟಿನ ಲಕೋಟೆಯೊಳಗಿನ ಹಾಳೆಯದೇ ಇನ್ನೊಂದು ಪ್ರತಿ ಅವನ ಕೈಯಲ್ಲಿತ್ತು.

"ಚಿನ್ನಿ, ನೀ ಕನ್ನಡ ಭಾಳ ಚಂದ ಓದ್ತೀಯಲ್ಲ. ಇದನ್ನ ಓದು ನೋಡೂಣ. ನಿಮ್ಮ ಮಮ್ಮಿ ಹೇಳಿದ್ದನ್ನ ದವಾಖಾನಿಯವರು ಬರದಾರ."

ಮಮ್ಮಿ ಎಂದೊಡನೆ ಹುಡುಗಿ ಖುಷಿಯಿಂದ ಹಾಳೆ ಹಿಡಿದುಕೊಂಡಳು. ಶಾಲೆಯಲ್ಲಿ ಓದುವಂತೆ ಬೆರಳಿಟ್ಟು, ಗಟ್ಟಿಯಾಗಿ ಓದಿದಳು. "ಒತ್ತಿ" ಎಂಬಲ್ಲಿ ಒತ್ತಕ್ಷರ ತಪ್ಪಿ "ಒತಿ" ಎಂದಳು.

"ಒತ್ತಿ" ಎಂದು ಕೊಟ್ರೇಶ ತಿದ್ದಿದ. "ಮತ್ತೊಮ್ಮಿ ಓದು."

ಅವಳು ಮತ್ತೊಮ್ಮೆ ಸರಿಯಾಗಿ ಓದಿದಳು. ಆಮೇಲೆ ತಲೆಯೆತ್ತಿ, "ಪಪ್ಪಾ, ಯಾವ ಕೂಸು?" ಎಂದು ಕೇಳಿದಳು.

"ನೀನ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅಮೃತವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸೊಸೆಯನ್ನು ಕಂಡರೆ ಆಗದವಳು, ಆದರೂ ಮೊಮ್ಮಗಳ ಮುಖ ನೋಡಿ ಸಹಿಸಲಾರದೆ, "ಏ ಕೊಟ್ರ್ಯಾ, ಸಾಕ ಮಾಡೋ" ಎಂದಳು. ಅವನು ಕೇಳಲಿಲ್ಲ. ಹುಡುಗಿ ನೋಡದೆ ಹೇಳುವವರೆಗೆ ಆ ಸಾಲನ್ನು ಓದಿಸಿದ. ನಡುವೆ ಅವಳು ಅತ್ತಾಗ ನೀರು ಕುಡಿಸಿ, ಮತ್ತೆ ಹಾಳೆ ಕೈಗೆ ಕೊಟ್ಟ.

ಬುಧವಾರ ನ್ಯಾಯಾಧೀಶೆ ಚಿನ್ಮಯಿಯನ್ನು ತಮ್ಮ ಕೊಠಡಿಗೆ ಕರೆದು ಬಿಸ್ಕೀಟು ಕೊಟ್ಟು, ಶಾಲೆಯ ಮಾತು ಕೇಳಿದರು. ಕೊನೆಗೆ ಅಮ್ಮನ ಜೊತೆ ಇರಲು ಇಷ್ಟವೇ ಎಂದರು.

"ಒಲ್ಲೆ ರೀ" ಎಂದಳು ಹುಡುಗಿ.

"ಯಾಕಮ್ಮ?"

ಚಿನ್ಮಯಿ ಎದ್ದು ನಿಂತು ಕೈ ಕಟ್ಟಿಕೊಂಡಳು. "ತಲೆದಿಂಬನ್ನು ಮಗುವಿನ ಮುಖದ ಮೇಲೆ ಒತ್ತಿ ಅದರ ಅಳುವನ್ನು ನಿಲ್ಲಿಸಬೇಕೆಂಬ ಯೋಚನೆ ಪದೇ ಪದೇ ಬರುತ್ತದೆ ಎಂದು ಹೇಳುತ್ತಾಳೆ."

ಅದುವರೆಗೆ ಮುಂಡರಗಿಯ ಮಾತಾಡುತ್ತಿದ್ದ ಮಗುವಿನ ಬಾಯಲ್ಲಿ ಒಮ್ಮೆಲೇ ಪುಸ್ತಕದ ಕನ್ನಡ ಬಂದಾಗ ನ್ಯಾಯಾಧೀಶೆಗೆ ಏನು ನಡೆದಿದೆ ಎಂಬುದು ತಿಳಿದುಹೋಯಿತು. ಹೊರಗೆ ಬಂದು ಇಬ್ಬರೂ ವಕೀಲರನ್ನು ಕರೆದು ಹೇಳಿದರು. ಕೊಟ್ರೇಶನಿಗೆ ಛೀಮಾರಿ ಹಾಕಿದರು. ಆದರೆ ಅಝೀಮನ ಕಡೆ ತಿರುಗಿ, "ಮಗು ನಿಜವಾಗಿ ಹೆದರಿದೆ. ಹೆದರಿಕೆ ಯಾರೇ ಹುಟ್ಟಿಸಿರಲಿ, ಹೆದರಿದ ಮಗುವನ್ನು ಎತ್ತಿ ಕೊಡೋಕೆ ನನಗೆ ಆಧಾರ ಬೇಕು. ನಿಮ್ಮ ಹತ್ತಿರ ಏನಿದೆ?" ಎಂದರು.

ಶೈಲಾ ಬಾಗಿಲ ಬಳಿ ನಿಂತಿದ್ದಳು. ಎರಡು ಹೆಜ್ಜೆಯ ಆಚೆ ಮಗಳು ಅಮೃತವ್ವನ ಸೀರೆಯ ಹಿಂದೆ ಮುಖ ಮುಚ್ಚಿಕೊಂಡಿದ್ದಳು. ಶೈಲಾ ಅವಳ ಕಡೆ ಕೈ ಚಾಚಿದಳು. ಮಗು ಚೀರಿತು.

"ಎಲ್ಲಾ ಕೊಟ್ಟುಬಿಡ್ರಿ" ಎಂದಳು ಅಝೀಮನಿಗೆ. "ಇಡೀ ಫೈಲ್ ಕೊಡ್ರಿ."

ಮುಂದಿನ ಎರಡು ತಾರೀಖು ಮುಚ್ಚಿದ ಬಾಗಿಲೊಳಗೇ ನಡೆದವು. ಅಫ್ರೀನ ಬಂದು, ಶೈಲಾಳ ಒಪ್ಪಿಗೆ ಪತ್ರ ಕೈಯಲ್ಲಿ ಹಿಡಿದು, ಒಂದೊಂದೇ ಪುಟಕ್ಕೆ ಸಾಕ್ಷಿ ಹೇಳಿದಳು. ತನ್ನ ಚಿಕಿತ್ಸಾಲಯದಿಂದ ಆದ ತಪ್ಪಿಗೆ ಕೋರ್ಟಿನಲ್ಲೇ ಕ್ಷಮೆ ಕೇಳಿದಳು. ಅಂದಾನಪ್ಪನಿಗೆ ಆ ಎರಡನೇ ಪುಟ ಬೇಕಿರಲಿಲ್ಲ. ಅವನು ಬೇರೆ ಪುಟಗಳನ್ನು ಹುಡುಕಿ ತೆಗೆದ.

"ಗಂಡ ಮುಟ್ಟಿದರೆ ಮೈ ಕಲ್ಲಾಗುತ್ತದೆ ಅಂದೀರಿ. ಅಂದೀರೋ ಇಲ್ಲೋ?"

"ಅಂದೀನ್ರಿ."

"ಎಷ್ಟು ತಿಂಗಳು ಕಲ್ಲಾಗಿತ್ತು?"

ಅಝೀಮ ಆಕ್ಷೇಪಣೆ ಹೇಳಿದ, ನ್ಯಾಯಾಧೀಶೆ ಆ ಪ್ರಶ್ನೆ ತಡೆದರು. ಆದರೂ ಪ್ರಶ್ನೆ ಕೋಣೆಯೊಳಗೆ ಬಂದಾಗಿತ್ತು. ಇನ್ನೊಂದು ಪುಟದಲ್ಲಿ ಅವಳು ತನ್ನ ತಾಯಿಯ ಬಗ್ಗೆ, "ನನ್ನನ್ನು ಹಡೆದದ್ದೇ ತಪ್ಪು ಎಂಬಂತೆ ಬೆಳೆಸಿದಳು" ಎಂದಿದ್ದಳು. ಅದನ್ನೂ ಅವನು ಓದಿದ. ಮಗು ಯಾವ ಮನೆಗೆ ಹೋಗಬೇಕೋ ಆ ಮನೆಯ ಅಜ್ಜಿ ಎಂಥವಳು ಎಂದು ತೋರಿಸಲು ಅನ್ನಪೂರ್ಣವ್ವನನ್ನೇ ಒಳಗೆ ಕರೆಸಿ, ಅದೇ ಸಾಲನ್ನು ಅವಳಿಗೆ ಕೇಳಿಸಿ, ಹೌದೇ ಎಂದು ಪ್ರಶ್ನಿಸಿದ. ಮುದುಕಿ ಮಗಳನ್ನು ನೋಡಿದಳು. "ನನಗೇನ ತಿಳಿತೈತ್ರಿ" ಎಂದಷ್ಟೇ ಹೇಳಿದಳು. ಕೊಟ್ರೇಶ ಎರಡೂ ದಿನ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಾ ಕೂತಿದ್ದ.

ಕಾರ್ತೀಕ ಮಾಸದಲ್ಲಿ ತೀರ್ಪು ಬಂತು. ವಿಚ್ಛೇದನ ಸಿಕ್ಕಿತು. ಮಗು ತಾಯಿಗೆ, ಭಾನುವಾರ ಬೆಳಗಿನಿಂದ ಸಂಜೆಯವರೆಗೆ ತಂದೆಗೆ. ಅಝೀಮ ಸಂತೋಷದಿಂದ, "ಗೆದ್ವಿ ಟೀಚರ್ರ" ಎಂದ. ಶೈಲಾ ತಲೆಯಾಡಿಸಿದಳು.

ಬೆಟಗೇರಿಯ ಮನೆಗೆ ಬಂದ ಚಿನ್ಮಯಿ ಅಳಲಿಲ್ಲ, ಹಟ ಮಾಡಲಿಲ್ಲ. ಹೇಳಿದ್ದನ್ನೆಲ್ಲ ಜಲ್ದಿ ಜಲ್ದಿ ಮಾಡಿ ಮುಗಿಸುತ್ತಿದ್ದಳು. ಅಜ್ಜಿಯ ಪಕ್ಕದಲ್ಲಿ ಮಲಗುತ್ತೇನೆ ಎಂದಳು. ಶೈಲಾ ಮನೆಯಲ್ಲಿದ್ದ ತಲೆದಿಂಬುಗಳನ್ನೆಲ್ಲ ಅಟ್ಟಕ್ಕೆ ಹಾಕಿದಳು. ಅನ್ನಪೂರ್ಣವ್ವ ಕುತ್ತಿಗೆ ನೋವಿನವಳು, ಸೀರೆ ಮಡಚಿ ತಲೆಗಿಟ್ಟುಕೊಂಡಳು. ಕೋರ್ಟಿನ ಆ ದಿನದಿಂದ ಅವಳು ಮಗಳ ಜೊತೆ ಬೇಕಾದಷ್ಟು ಮಾತ್ರ ಆಡುತ್ತಿದ್ದಳು.

ಮೂರನೇ ವಾರ ಒಂದು ಸಂಜೆ ಶೈಲಾ ಎರಡನೇ ಪುಟವನ್ನು ತಂದು ಮಗಳ ಮುಂದಿಟ್ಟಳು. ಚಿನ್ಮಯಿ ಬೆರಳಿಟ್ಟು ಓದಿದಳು. ತಾಯಿ ತನ್ನ ಯೋಚನೆಗೆ ತಾನೇ ಹೆದರಿದ್ದು, ಕೂಸನ್ನು ಕಾಪಾಡಲೆಂದೇ ಅತ್ತೆಯ ಕೈಗೆ ಕೊಟ್ಟದ್ದು, ಅಪಾಯವಿಲ್ಲವೆಂದು ವೈದ್ಯರು ಬರೆದದ್ದು, ಎಲ್ಲವನ್ನೂ ಒಂದೂ ಒತ್ತಕ್ಷರ ತಪ್ಪದೆ ಓದಿದಳು.

"ತಿಳೀತೇನ ಚಿನ್ನಿ?"

"ಹೂಂ."

"ಮತ್ಯಾಕ ಅಂಜತಿ?"

ಹುಡುಗಿ ಹಾಳೆಯನ್ನು ಜೋಪಾನವಾಗಿ ಮಡಚಿ ತಾಯಿಯ ಕೈಗೆ ವಾಪಸು ಕೊಟ್ಟಳು. "ಇದನ್ನ ನೀ ಆಮ್ಯಾಲ ಬರಿಸಿದ್ದಂತ. ಪಪ್ಪಾ ಹೇಳ್ಯಾನ."

ಮರುದಿನ ಬೆಳಿಗ್ಗೆ ಶಾಲೆಗೆ ಹೊತ್ತಾಗಿತ್ತು. ಅನ್ನಪೂರ್ಣವ್ವ ಸಂತೆಗೆ ಹೋಗಿದ್ದಳು, ಜಡೆ ಹಾಕಲು ಬೇರೆ ಯಾರೂ ಇರಲಿಲ್ಲ. ಶೈಲಾ ಬಾಚಣಿಕೆ ಹಿಡಿದು ಹಿಂದೆ ನಿಂತಾಗ ಮಗುವಿನ ಹೆಗಲು ಕಿವಿಯವರೆಗೆ ಏರಿತು. ಶೈಲಾ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಪಾಟಿಚೀಲ ಕೊಟ್ಟಳು. ಚಿನ್ಮಯಿ ಮೆಟ್ಟಿಲಿಳಿದು, ತಿರುಗಿ ನೋಡದೆ, ಓಣಿಯ ತುದಿಯವರೆಗೆ ಓಡಿದಳು.