ಬೈರಯ್ಯನವರ ಜೋಡಿನಳಿಗೆ

ಸಂಕರ್ಷಣ ಬಂದೂಕು ಮುಟ್ಟಿದವನಲ್ಲ. ಬಸವನಗುಡಿಯ ಅವನ ಮನೆಯಲ್ಲಿ ಆಯುಧ ಎನ್ನಬಹುದಾದದ್ದು ಈಳಿಗೆಮಣೆಯೊಂದೇ. ಆದರೆ ಇಂಟರ್ನೆಟ್ಟಿನ ಒಂದು ಮೂಲೆಯಲ್ಲಿ, ಬಂದೂಕಿನ ಮಾತು ಬಂದರೆ ಅವನಿಗೆ ಹೆದರುವವರಿದ್ದರು.

ಯಾವುದೋ ಕಂಪನಿ ಮಾಡಿಟ್ಟ ಗುಂಡು ಹಾರಿಸುವ ಕಂಪ್ಯೂಟರ್ ಆಟದೊಳಗೆ ತಮ್ಮದೇ ಊರು, ತಮ್ಮದೇ ಬಂದೂಕು ತುಂಬಿ ಪುಕ್ಕಟೆ ಹಂಚುವ ಹುಚ್ಚು ಆಗ ಬೇಕಾದಷ್ಟು ಹುಡುಗರಿಗೆ ಹಿಡಿದಿತ್ತು. ಅದಕ್ಕೆ ಮಾಡ್ ಎನ್ನುತ್ತಿದ್ದರು. ಸಂಕರ್ಷಣ ಅಂಥದೊಂದು ತಂಡದಲ್ಲಿದ್ದ. ತಂಡದವರು ಬೇರೆ ಬೇರೆ ದೇಶದವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮುಖಂಡ ಪೋಲೆಂಡಿನ ಮಾರೆಕ್. ಈ ಬಗೆಯ ಆಟದಲ್ಲಿ ಆಡುವವನ ಮುಖ ಪರದೆಯ ಮೇಲೆ ಬರುವುದಿಲ್ಲ. ಕೆಳಗಿನ ಮೂಲೆಯಿಂದ ಎರಡು ಕೈ, ಅದರಲ್ಲೊಂದು ಬಂದೂಕು, ಅಷ್ಟೇ. ಹಾಗಾಗಿ ಬಂದೂಕು ಸುಳ್ಳಾದರೆ ಆಟವೇ ಸುಳ್ಳು ಎಂಬುದು ಸಂಕರ್ಷಣನ ವಾದ. ಒಬ್ಬ ಹುಡುಗ ತಾನು ಮಾಡಿದ ರೈಫಲ್ಲಿಗೆ ಖಾಲಿ ತೋಟಾ ಹಾರುವ ಕಿಂಡಿಯನ್ನು ಎಡಕ್ಕೆ ಇಟ್ಟಿದ್ದ. ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆಂದು ಇಟ್ಟದ್ದು. 'ಹೀಗಿದ್ದರೆ ಬಿಸಿ ತೋಟಾ ನಿನ್ನ ಮೂಗಿನ ಮುಂದೆಯೇ ಹಾರುತ್ತದೆ, ನೀನು ಬಂದೂಕು ನೋಡಿದ್ದು ಸಿನಿಮಾದಲ್ಲಿ' ಎಂದು ಸಂಕರ್ಷಣ ಎಲ್ಲರೆದುರು ಬರೆದ. ಆ ಹುಡುಗ ತಂಡ ಬಿಟ್ಟುಹೋದ. ಆಮೇಲೆ ಸಂಕರ್ಷಣನೇ ಒಂದು ನಿಯಮ ತಂದ: ಯಾರು ಯಾವ ಬಂದೂಕು ಮಾಡಿದರೂ ನಿಜವಾದ ಬಂದೂಕಿನ ಫೋಟೋ ಕೊಡಬೇಕು, ಅದಕ್ಕೆ ತೋಟಾ ತುಂಬುವುದನ್ನು ವಿಡಿಯೋ ಮಾಡಿ ಕಳಿಸಬೇಕು. ಇಲ್ಲದಿದ್ದರೆ ಅದು ಆಟಕ್ಕೆ ಸೇರುವುದಿಲ್ಲ.

ನಿಯಮ ಈಗ ಅವನ ಕುತ್ತಿಗೆಗೇ ಬಂದಿತ್ತು. ಇಂಜಿನಿಯರಿಂಗಿನಲ್ಲಿ ಪಾಸಾಗದ ಪೇಪರುಗಳು ಉಳಿದಿದ್ದವು, ಅವು ಪಾಸಾಗುವ ಲಕ್ಷಣವೂ ಇರಲಿಲ್ಲ. ಮಲ್ಲೇಶ್ವರದಲ್ಲಿ ಗೇಮ್ ಸ್ಟುಡಿಯೋ ನಡೆಸುತ್ತಿದ್ದ ಮಹಾನಂದ ಅವನ ಕೆಲಸ ನೋಡಿ, "ಮಾರ್ಕ್ಸ್ ಕಾರ್ಡ್ ನಂಗೆ ಬೇಡ. ಹೊರಗೆ ಬಂದಿರೋ ಒಂದು ಮಾಡ್‌ನಲ್ಲಿ ನಿನ್ನ ಹೆಸರು ತೋರಿಸು, ಮಾರನೇ ದಿನ ಬಾ" ಎಂದಿದ್ದರು. ಮಾರೆಕ್‌ನ ತಂಡ ದಸರೆ ಕಳೆದ ಮೇಲೆ ಮಾಡ್ ಬಿಡುಗಡೆ ಮಾಡುವುದಿತ್ತು. ಅದರಲ್ಲಿ ರೈತರ ಮನೆಯ ಹಳೆಯ ಜೋಡಿನಳಿಗೆ ಬಂದೂಕೊಂದು ಬೇಕಿತ್ತು. ಸಂಕರ್ಷಣ ಅದನ್ನು ಒಪ್ಪಿಕೊಂಡಿದ್ದ. ಅದೊಂದು ಸೇರಿದರೆ ಹೆಸರು, ಹೆಸರಿದ್ದರೆ ಕೆಲಸ.

ಒಪ್ಪಿಕೊಂಡದ್ದು ಸ್ನೇಹಿತ ವೇಣುಗೋಪಾಲನಿದ್ದಾನೆಂಬ ಧೈರ್ಯದಿಂದ. ಚಾಮರಾಜಪೇಟೆಯ ವೇಣುವಿನ ಮನೆಯಲ್ಲಿ ನಿಜವಾದ ಡಬಲ್ ಬ್ಯಾರಲ್ ಇತ್ತು. ತಾತನಿಗೆ ಆನೇಕಲ್ ಕಡೆಯ ಹೊಲದಲ್ಲಿ ಕಾಡುಹಂದಿ ಕಾಯಲು ಲೈಸೆನ್ಸ್ ಸಿಕ್ಕಿತ್ತು. ಹೊಲ ಸೈಟುಗಳಾಯಿತು, ಬಂದೂಕು ಉಳಿಯಿತು. ಈಗ ವೇಣುವಿನ ತಂದೆ ಬೈರಯ್ಯ ಸೈಟಿನ ವ್ಯವಹಾರ ಮಾಡುತ್ತಿದ್ದರು.

"ಅದು ಬೀರುವಿಂದ ಆಚೆ ಬರೋದು ಆಯುಧಪೂಜೆಗೆ ಮಾತ್ರ ಮಗಾ," ಎಂದಿದ್ದ ವೇಣು. "ಅವತ್ತೇ ಬಂದ್ಬಿಡು. ಅಪ್ಪ ಮೂಡಲ್ಲೂ ಇರ್ತಾರೆ."

ಸಂಕರ್ಷಣ ಚಿಕ್ಕಪ್ಪನ ಹ್ಯಾಂಡಿಕ್ಯಾಮ್ ಎರವಲು ತೆಗೆದುಕೊಂಡು ಹೋದ. ಮನೆಯ ಮುಂದೆ ಸುಮೋಗೆ ಬಾಳೆಕಂದು ಕಟ್ಟಿತ್ತು, ಒಡೆದ ಬೂದುಗುಂಬಳ ರಸ್ತೆಯಲ್ಲಿ ಬಿದ್ದಿತ್ತು. ನಡುಮನೆಯ ಹಲಗೆಯ ಮೇಲೆ ಕೆಂಪು ಬಟ್ಟೆ ಹಾಸಿ ಅಳತೆಯ ಟೇಪು, ರಬ್ಬರ್ ಸ್ಟಾಂಪುಗಳು, ಬೈರಯ್ಯನವರ ಮೊಬೈಲು ಇಟ್ಟಿದ್ದರು. ನಡುವೆ ಬಂದೂಕು. ನಳಿಗೆಗಳಿಗೆ ಮೂರು ಪಟ್ಟೆ ವಿಭೂತಿ, ಮರದ ಹಿಡಿಗೆ ಅರಿಶಿನ, ನಳಿಗೆಯೂ ಹಿಡಿಯೂ ಕೂಡುವ ಕಡೆ ಬೊಟ್ಟಿನಷ್ಟಲ್ಲ, ಮುಷ್ಟಿಯಷ್ಟು ಕುಂಕುಮ. ಬೈರಯ್ಯ ತೆಂಗಿನಕಾಯಿ ಒಡೆದು ಕಾಯಿನೀರನ್ನು ಎಲ್ಲದರ ಮೇಲೂ ಧಾರಾಳವಾಗಿ ಚಿಮುಕಿಸಿದರು.

ಕೆಳಗಿನ ಮಳಿಗೆಗಳ ಬಾಡಿಗೆಯವರೆಲ್ಲ ಕಡ್ಲೆಪುರಿ, ಸ್ವೀಟು ತೆಗೆದುಕೊಳ್ಳಲು ಮಹಡಿಗೆ ಬಂದಿದ್ದರು. ಪ್ರತಿವರ್ಷವೂ ಬರುತ್ತಿದ್ದರು. ಪೂಜೆ ಬಂದೂಕಿಗಿರಬಹುದು, ಆದರೆ ಬಂದೂಕು ನೋಡಬೇಕಾದವರು ಅವರು. ಬೈಂಡಿಂಗ್ ಅಂಗಡಿಯ ಪರಮಶಿವಯ್ಯ ಹಿಂದೆ ನಿಂತು ಕೈಮುಗಿದರು. ಮಳಿಗೆ ಖಾಲಿ ಮಾಡಿ ಎಂದು ಬೈರಯ್ಯ ಹೇಳಿ ಎರಡು ದಸರೆ ಆಗಿತ್ತು.

"ಪರಮಶಿವಯ್ಯನೋರೆ, ಮುಂದಕ್ ಬನ್ನಿ. ಅದೇನ್ ಕಚ್ಚಲ್ಲ," ಎಂದರು ಬೈರಯ್ಯ.

"ಇಲ್ಲೇ ಕಾಣ್ತದೆ ಬೈರಣ್ಣ," ಎಂದರು ಪರಮಶಿವಯ್ಯ.

ಬಾಡಿಗೆಯವರು ಇಳಿದುಹೋದ ಮೇಲೆ ಸಂಕರ್ಷಣ ಫೋಟೋ ತೆಗೆದ. ಗೀರು, ಸ್ಕ್ರೂ, ಹಿಡಿಯ ಮೇಲಿನ ಗಂಟು, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಕೇಳಿದ. "ಅಂಕಲ್, ಒಂದ್ಸಲ ತೆಗೆದು ತೋರಿಸ್ತೀರಾ? ತೋಟಾ ಹಾಕೋ ಥರ. ವಿಡಿಯೋ ಮಾಡ್ಕೊತೀನಿ."

ಬೈರಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ ಐನೋರೆ, ಪೂಜೆ ಮಾಡಿಟ್ಟಿರೋ ಆಯುಧ ಇವತ್ತು ಮುಟ್ತಾರಾ? ನಿಮ್ಮನೇಲಿ ಹೇಳ್ಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದರು. ಬೆಳಗ್ಗೆ ಅವನ ತಾಯಿ ಗೋದಾ ಅವನ ಕಂಪ್ಯೂಟರಿನ ಮಾನಿಟರಿಗೆ ಕುಂಕುಮವಿಟ್ಟು, ಕೀಬೋರ್ಡಿನ ಮೇಲೆ ಹೂವಿಟ್ಟು, ನಾಳೆ ಪುನಃಪೂಜೆ ಆಗುವವರೆಗೆ ಸ್ವಿಚ್ಚು ಮುಟ್ಟಕೂಡದು ಎಂದಿದ್ದರು. ಅವನು ಆಯಿತು ಎಂದೇ ಮನೆ ಬಿಟ್ಟಿದ್ದ. ಕಂಪ್ಯೂಟರಿಗೆ ಒಪ್ಪುವ ಶಾಸ್ತ್ರ ಬಂದೂಕಿಗೂ ಒಪ್ಪುತ್ತದೆಂದು ಹೊಳೆದಿರಲಿಲ್ಲ. ವರ್ಷದಲ್ಲಿ ಬಂದೂಕು ಹೊರಬರುವ ಒಂದೇ ದಿನವೆಂದು ಲೆಕ್ಕ ಹಾಕಿದ್ದವನು, ಅದನ್ನು ಮುಟ್ಟಬಾರದ ದಿನವೂ ಅದೊಂದೇ ಎಂಬುದನ್ನು ಮರೆತಿದ್ದ.

"ನಾಳೆ ಬೆಳಗ್ಗೆ ಬಾ," ಎಂದರು ಬೈರಯ್ಯ. "ವಿಜಯದಶಮಿ. ಹೂವ ತೆಗೆದು ಒಳಗಿಡೋಕ್ ಮುಂಚೆ ತೋರಿಸ್ತೀನಿ."

ಮಾರನೇ ದಿನ ಬೈರಯ್ಯ ಸ್ನಾನ ಮಾಡಿ, ಬಂದೂಕಿಗೆ ಕರ್ಪೂರ ಬೆಳಗಿ, ಸೋಫಾದಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡರು. ವೇಣು ಹ್ಯಾಂಡಿಕ್ಯಾಮ್ ಹಿಡಿದ. ವೇಣುವಿನ ತಾಯಿ ಮುನಿಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮೇಲಿರುವ ಲಿವರನ್ನು ಹೆಬ್ಬೆರಳಿನಿಂದ ಬಲಕ್ಕೆ ತಳ್ಳಿದರೆ ನಳಿಗೆಗಳು ಕೀಲಿನ ಮೇಲೆ ಕೆಳಕ್ಕೆ ಬಾಗಬೇಕು. ಅಲ್ಲಿ ಎರಡು ತೂತು ಕಾಣುತ್ತವೆ, ತೋಟಾ ಹಾಕುವುದು ಅಲ್ಲಿಗೆ. ಬೈರಯ್ಯ ತಳ್ಳಿದರು. ಲಿವರು ಕದಲಲಿಲ್ಲ. ಎರಡೂ ಹೆಬ್ಬೆರಳಿಟ್ಟು ತಳ್ಳಿದರು. ಬಂದೂಕನ್ನು ಮೊಣಕಾಲಿಗೆ ಕೊಟ್ಟು ಬಗ್ಗಿಸಿದರು. ಕುತ್ತಿಗೆಯ ನರ ಉಬ್ಬಿತು, ಬಂದೂಕು ಹಾಗೇ ಇತ್ತು.

ಸಂಕರ್ಷಣ ಬಗ್ಗಿ ನೋಡಿದ. ಕೀಲಿನ ಸಂದಿನಲ್ಲಿ ಕಂದುಗಪ್ಪಾದ ಗಾರೆಯಂಥದು ತುಂಬಿತ್ತು. ಉಗುರಿನಿಂದ ಕೆರೆದರೆ ಮೇಲೆ ಕೆಂಪು, ಕೆಳಗೆ ಹಳದಿ, ಅದರ ಕೆಳಗೆ ತುಕ್ಕು. ವರ್ಷ ವರ್ಷ ಹಾಕಿದ ಕುಂಕುಮ, ಅರಿಶಿನ, ವಿಭೂತಿ ಕಾಯಿನೀರಿನಲ್ಲಿ ಕಲಸಿ ಗಟ್ಟಿಯಾಗಿತ್ತು.

"ಅಂಕಲ್, ಇದನ್ನ ಲಾಸ್ಟ್ ಯಾವಾಗ ತೆಗೆದಿದ್ರಿ?"

"ನಾನೆಲ್ಲಿ ತೆಗೆದೆ? ನಮ್ಮಪ್ಪ ತೆಗೀತಿದ್ದ."

"ಹಾಗಾದ್ರೆ ಒಳಗೆ ತೋಟಾ ಇದ್ಯೋ ಇಲ್ವೋ?"

ಬಂದೂಕಿನ ಬಾಯಿ ಆ ಹೊತ್ತಿಗೆ ಟೀವಿಯ ಕಡೆಗಿತ್ತು. ಟೀವಿಯ ಪಕ್ಕದಲ್ಲಿದ್ದ ವೇಣು ಕ್ಯಾಮೆರಾ ಸಮೇತ ಬಾಗಿಲಿಗೆ ಸರಿದ.

"ಆ ಬೀರು ಪಕ್ಕದಲ್ಲೇ ಇವನಿಗೆ ತೊಟ್ಲು ಕಟ್ಟಿದ್ದು," ಎಂದರು ಮುನಿಲಕ್ಷ್ಮಮ್ಮ, ಮಗನನ್ನು ತೋರಿಸಿ. "ಇಪ್ಪತ್ ವರ್ಸ ಅದ್ಕೆ ಹೂವ ಹಾಕಿದೀನಿ ನಾನು."

"ಸುಮ್ನಿರೇ," ಎಂದ ಬೈರಯ್ಯ ನಳಿಗೆಯನ್ನು ಸೂರಿನ ಕಡೆಗೆ ತಿರುಗಿಸಿದರು. ಆಮೇಲೆ ಮೇಲಿನ ಮಹಡಿಯಲ್ಲಿ ಬಾಡಿಗೆಯವರಿರುವುದು ನೆನಪಾಗಿ ಗೋಡೆಯ ಕಡೆಗೆ ತಿರುಗಿಸಿದರು.

"ರಿಪೇರಿಗೆ ಕೊಟ್ರೆ ಬಿಡಿಸ್ಕೊಡ್ತಾರೆ ಅಂಕಲ್. ಅಂಗಡಿಗಳಿವೆ."

"ಕೊಟ್ರೆ ಸಾಯಂಕಾಲದ ಹೊತ್ತಿಗೆ ಪೇಟೆಗೆಲ್ಲ ಗೊತ್ತಾಗ್ತದೆ. ಬೈರಯ್ಯನ ಬಂದೂಕು ಬಾಯೇ ಬಿಡಲ್ಲ ಅಂತ. ಆಮೇಲೆ ಕೆಳಗಿರೋರು ನನ್ ಮಾತು ಕೇಳ್ತಾರಾ?" ಅವರ ಕಣ್ಣು ಕ್ಯಾಮೆರಾದ ಕೆಂಪು ದೀಪದ ಮೇಲೆ ಬಿತ್ತು. "ಅದೇನದು, ಇನ್ನೂ ಓಡ್ತಿದ್ಯಾ?"

ಟೇಪನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆ ಬೇರೇನಾದರೂ ತೆಗೆಯಬೇಕೆಂದು ಬೈರಯ್ಯ ಪಟ್ಟು ಹಿಡಿದರು. ವೇಣು ಗೋಡೆಯ ಗಡಿಯಾರಕ್ಕೆ ಕ್ಯಾಮೆರಾ ಹಿಡಿದು ನಿಂತ. ಉಳಿದವರು ಕೂತು ಗಡಿಯಾರ ನೋಡಿದರು.

ಸಂಕರ್ಷಣನಿಗೆ ಕಂಡ ದಾರಿ ಎರಡು. ವಿಡಿಯೋ ಇಲ್ಲ ಎಂದು ಮಾರೆಕ್‌ಗೆ ಹೇಳಿದರೆ ಬಂದೂಕು ಹೋಯಿತು, ಹೆಸರೂ ಹೋಯಿತು. ಇನ್ನೊಂದು ದಾರಿ ಹಿಡಿದು ಅವನು ಬರೆದ: 'ಟೇಪು ಹಾಳಾಯಿತು. ಆದರೆ ಬಂದೂಕು ಬಾಯಿ ತೆಗೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.'

ಕಣ್ಣಾರೆ ನೋಡಿದ್ದು ಅಪ್ಪನ ಸ್ಟೇಪ್ಲರನ್ನು. ಪಿನ್ನು ತುಂಬಲು ಅದರ ಬಾಯಿ ತೆಗೆಯುವುದು ಹೆಚ್ಚು ಕಡಿಮೆ ಹಾಗೇ. ಅದನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಕೈ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಹಿಂದಿರುಗುತ್ತದೆ ಎಂದು ನೋಡಿ ಬಂದೂಕಿಗೆ ಚಲನೆ ಕೊಟ್ಟ. ಸದ್ದಿಗೆ ಕಬ್ಬಿಣದ ಬೀರುವಿನ ಹಿಡಿಯನ್ನು ತಿರುಗಿಸಿ ರೆಕಾರ್ಡ್ ಮಾಡಿಕೊಂಡ. "ಬೀರು ಮುರೀಬೇಡ್ವೋ, ಮದುವೇಲಿ ಕೊಟ್ಟಿದ್ದು ಅದು," ಎಂದರು ಗೋದಾ ಹೊರಗಿನಿಂದ. ನಳಿಗೆಯ ವಿಭೂತಿಯನ್ನೂ ಕೀಲಿನ ಕುಂಕುಮವನ್ನೂ ಫೋಟೋದಿಂದ ಅಳಿಸಿದ. ಪರದೆಯ ಮೇಲೆ ಬಂದೂಕು ಎಣ್ಣೆ ಕುಡಿದ ಹಾಗೆ ಬಾಗಿತು. ಅದು ಚೆನ್ನಾಗಿತ್ತು. ಅವನು ಮಾಡಿದವುಗಳಲ್ಲೆಲ್ಲ ಚೆನ್ನಾಗಿತ್ತು.

ಮಾರೆಕ್‌ನ ಉತ್ತರ ಬೇಗ ಬಂತು. ಅವನಿಗೂ ಚೆನ್ನಾಗಿ ಕಂಡಿತ್ತು. ಆದರೆ ನಿಯಮ ತಂದವನೇ ನಿಯಮ ಮುರಿದರೆ ಉಳಿದವರು ಬಿಡುವುದಿಲ್ಲ ಎಂದಿದ್ದ. ಬಂದೂಕಿನ ಒಡೆಯನಿಗೆ ಇದನ್ನು ತೋರಿಸಿ, ನಮ್ಮ ಬಂದೂಕು ಹೀಗೇ ತೆಗೆಯುತ್ತದೆ ಎಂದು ಅವನ ಬಾಯಲ್ಲಿ ಹೇಳಿಸಿದ ವಿಡಿಯೋ ಕಳಿಸು, ಸಾಕು.

ಸಂಕರ್ಷಣ ಅದನ್ನು ಸೀಡಿಗೆ ಹಾಕಿಕೊಂಡು, ಹ್ಯಾಂಡಿಕ್ಯಾಮ್ ಮತ್ತೆ ಎರವಲು ತಂದು ಚಾಮರಾಜಪೇಟೆಗೆ ಹೋದ. ವೇಣುವಿನ ಕಂಪ್ಯೂಟರಿನಲ್ಲಿ ಆಟ ಹಾಕಿ, ಹಾರಿಸಲು ಮೌಸ್ ಒತ್ತಿದ, ತೋಟಾ ತುಂಬಲು ಆರ್ ಕೀ ಒತ್ತಿದ. ಬೈರಯ್ಯ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

"ಇನ್ನೊಂದ್ಸಲ ಒತ್ತು. ಲೇ ವೇಣು, ನೋಡೋ, ಹಿಡೀಲಿರೋ ಗಂಟೂ ಬಂದದೆ. ನಮ್ದೇ ಇದು." ಅವರು ಮತ್ತೆ ಮತ್ತೆ ಒತ್ತಿಸಿದರು. ಸಂಕರ್ಷಣ ಮಾರೆಕ್ ಕೇಳಿದ್ದನ್ನು ಹೇಳಿದ.

"ಹೇಳೋಣ. ಒಂದ್ ಮಾತು ತಾನೇ," ಎಂದರು ಬೈರಯ್ಯ. "ಅದಕ್ ಮುಂಚೆ ನಂಗೊಂದ್ ಕೆಲ್ಸ ಮಾಡ್ಕೊಡು." ಕಿಟಕಿಯಿಂದ ಬಗ್ಗಿ ಕೂಗಿದರು. "ಪರಮಶಿವಯ್ಯನೋರೆ, ಒಂಚೂರು ಮೇಲಕ್ ಬನ್ನಿ."

ಪರಮಶಿವಯ್ಯ ಕೈಗಂಟಿದ ಗೋಂದನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದರು. ಬೈರಯ್ಯ ಅವರಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಪರದೆಯಲ್ಲಿ ಬಂದೂಕು ಬಾಯಿ ತೆಗೆಯಿತು, ತೋಟಾ ನುಂಗಿತು, ಬೀರುವಿನ ಸದ್ದಿನೊಂದಿಗೆ ಮುಚ್ಚಿಕೊಂಡಿತು, ಗೋಡೆಗೆ ಹಾರಿತು.

"ಇದು ಆಟ ಅಲ್ವೇ ಬೈರಣ್ಣ?"

"ಆಟಾನೇ. ಬಂದೂಕು ಮಾತ್ರ ಆಟದ್ದಲ್ಲ. ಮೊನ್ನೆ ದಶಮಿ ದಿವ್ಸ ಈ ಹುಡುಗನ ಎದುರಿಗೇ ತೆಗೆದು ತೋರಿಸ್ದೆ, ನೋಡಿ ಮಾಡ್ದ. ಕೇಳಿ ಬೇಕಾದ್ರೆ. ಐನೋರ ಹುಡುಗ, ಸುಳ್ಳು ಹೇಳಲ್ಲ."

ಪರಮಶಿವಯ್ಯ ಕುರ್ಚಿಯಲ್ಲೇ ತಿರುಗಿ ಸಂಕರ್ಷಣನನ್ನು ನೋಡಿದರು. "ನೀವ್ ನೋಡಿದ್ರೇನಪ್ಪ? ಇಷ್ಟ್ ಸಲೀಸಾಗ್ ತೆಗೀತದಾ ಅದು?"

ಮಾರೆಕ್‌ಗೆ ಬರೆಯುವಾಗ ಬೆರಳು ತಡವರಿಸಿರಲಿಲ್ಲ. ಈಗ ಎದುರಿಗಿದ್ದ ಮನುಷ್ಯನ ಉಗುರಿನ ಸಂದಿಯಲ್ಲಿ ಗೋಂದು ಒಣಗಿತ್ತು. ವೇಣು ಕೀಬೋರ್ಡ್ ನೋಡುತ್ತಿದ್ದ. ಬೈರಯ್ಯ ಶರಟಿನ ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಇಲ್ಲ ಎಂದರೆ ಆ ಕಾಲರು ಕ್ಯಾಮೆರಾದ ಮುಂದೆ ಬರುವುದಿಲ್ಲ ಎಂಬುದು ಸಂಕರ್ಷಣನಿಗೆ ಚೆನ್ನಾಗಿ ಗೊತ್ತಿತ್ತು.

"ತೆಗೆಯುತ್ತೆ," ಎಂದ. "ನೋಡಿದೀನಿ."

ಪರಮಶಿವಯ್ಯ ಮತ್ತೆ ಪರದೆಯ ಕಡೆಗೆ ತಿರುಗಿದರು. "ಬೈಂಡಿಂಗ್ ಮಿಷನ್ ಇಡೋಕೆ ಜಾಗ ಸಿಗ್ಬೇಕಲ್ಲ ಬೈರಣ್ಣ. ನಗರ್ತಪೇಟೆ ಕಡೆ ವಿಚಾರಿಸ್ತಿದೀನಿ. ಸಂಕ್ರಾಂತಿ ತನಕ ಟೈಮ್ ಕೊಡಿ."

"ಕೊಡೋಣ, ಅದಕ್ಕೇನು. ನಿಮ್ಮನ್ನ ನಾನು ಓಡಿಸ್ತಿದೀನಾ? ಕಾಫಿ ಕುಡ್ಕೊಂಡ್ ಹೋಗಿ."

"ಬೇಡಿ, ಗೋಂದು ಒಲೆ ಮೇಲಿದೆ," ಎಂದು ಪರಮಶಿವಯ್ಯ ಎದ್ದು ಇಳಿದುಹೋದರು.

ಅವರು ಬಿಟ್ಟ ಕುರ್ಚಿಯಲ್ಲಿ ಬೈರಯ್ಯ ಕೂತರು, ಕನ್ನಡಕ ತೆಗೆದು ಜೇಬಿಗಿಟ್ಟರು. ಸಂಕರ್ಷಣ ಹ್ಯಾಂಡಿಕ್ಯಾಮ್ ಎತ್ತಿದ.

"ಕನ್ನಡದಲ್ಲಿ ಹೇಳಿದ್ರೆ ಅವರಿಗೆ ಅರ್ಥ ಆಗ್ತದಾ?"

"ಕೆಳಗಡೆ ಇಂಗ್ಲಿಷಲ್ಲಿ ನಾನು ಬರೀತೀನಿ ಅಂಕಲ್."

"ಬರೆಯೋನು ನೀನೇ ಆದ್ರೆ ನಾನ್ಯಾಕೆ ಹೇಳ್ಬೇಕು?"

"ಅವ್ರಿಗೆ ಓನರ್ ಮುಖ ಬೇಕು."

"ಮುಖ ತಾನೇ," ಎಂದು ಬೈರಯ್ಯ ನೆಟ್ಟಗೆ ಕೂತರು. "ತಗೋ."