ಬೈಯೋ ಅಕ್ಕನ ಅಂಗಡಿ

"ಅಷ್ಟು ಮೆತ್ತಗೆ ಬೈದ್ರೆ ಯಾರಕ್ಕಾ ನೋಡ್ತಾರೆ? ಇನ್ನೊಂದ್ಸಲ ಮಾಡು. ಬ್ಯಾಗನ್ನ ಮೇಜಿನ ಮೇಲೆ ಕುಕ್ಕಿ ಬೈಯಿ."

ವಿಡಿಯೋ ಹಿಡಿಯುತ್ತಿದ್ದ ಫೋನಿನ ಹಿಂದಿನಿಂದ ತಮ್ಮ ಹೇಳಿದ. ಎದುರಿಗೆ ನಿಂತಿದ್ದ ಕಾಲೇಜು ಹುಡುಗಿ ಬೈಸಿಕೊಳ್ಳಲೆಂದೇ ಗೆಳತಿಯರ ಹಿಂಡು ಕಟ್ಟಿಕೊಂಡು ಬಂದಿದ್ದಳು. ಅವಳ ಬ್ಯಾಗಿಗೆ ಏನೂ ಆಗಿರಲಿಲ್ಲ. ಜಿಪ್ಪು ಬೆಣ್ಣೆಯಂತೆ ಸರಿಯುತ್ತಿತ್ತು. ಅಕ್ಕ ಅದನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದಳು.

"ಏನಮ್ಮಾ, ಇದು ಬ್ಯಾಗೋ ಗೋಣಿಚೀಲಾನೋ? ಊರೆಲ್ಲಾ ಒಳಗೆ ತುಂಬಿ ಎಳೆದ್ರೆ ಮುಚ್ಕೊಳ್ಳೋಕೆ ಜಿಪ್ಪೇನು ನಿಮ್ಮಪ್ಪನ ಮನೆ ಆಳಾ?"

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಹೆಬ್ಬೆರಳೆತ್ತಿ ತೋರಿಸಿದ. ಅಕ್ಕನಿಗೆ ಮಾತ್ರ ಬಾಯಿ ಕಹಿ ಎನಿಸಿತು.

ಒಂದು ಕಾಲಕ್ಕೆ ಅವಳ ಸಿಟ್ಟು ಅಪ್ಪಟ ಸಿಟ್ಟಾಗಿತ್ತು. ಬ್ಯಾಗು, ಸೂಟ್‌ಕೇಸು ರಿಪೇರಿ ಮಾಡುವ ಆ ಚಿಕ್ಕ ಅಂಗಡಿಯನ್ನು ಅಪ್ಪನಿಂದ ಪಡೆದವಳು ಅಪ್ಪನ ಪದ್ಧತಿಯನ್ನೂ ಪಡೆದಿದ್ದಳು. ಯಾವ ಬ್ಯಾಗೇ ಬರಲಿ, ಮೊದಲು ಅದನ್ನು ಗಿರಾಕಿಯ ಎದುರಿಗೇ ಪೂರ್ತಿ ಒಳಗಿನದು ಹೊರಗೆ ತಿರುವಿ ಹಾಕಬೇಕು. ಹೊರಗಡೆ ಎಲ್ಲ ಬ್ಯಾಗೂ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು ಅಪ್ಪ. ತಿರುವಿದ ಮೇಲೆ ಒಳಗಿನ ಅಸ್ತರು ನೋಡಬೇಕು, ಹೊಲಿಗೆ ನೋಡಬೇಕು, ಆಮೇಲೆ ಬ್ಯಾಗಿನ ಮಾಲೀಕನಿಗೆ ನಾಲ್ಕು ಮಾತು ಬೈಯಬೇಕು. ಆ ಬೈಗುಳದಲ್ಲಿ ಬ್ಯಾಗಿನ ಮೇಲಿನ ಪ್ರೀತಿ ಇತ್ತು, ಬೈಸಿಕೊಂಡವರೂ ಅದನ್ನು ಬಲ್ಲವರಾಗಿದ್ದರು.

ಆದರೆ ಹರಿದದ್ದನ್ನು ಎಸೆದು ಫೋನಿನಲ್ಲೇ ಹೊಸದು ತರಿಸಿಕೊಳ್ಳುವ ಕಾಲ ಬಂತು. ಅಕ್ಕ ನೊಣ ಹೊಡೆಯುತ್ತಾ ಕೂರುವಂತಾಯಿತು. ಅದೇ ಹೊತ್ತಿಗೆ ಕೊರಿಯರ್ ಕೆಲಸ ಕಳೆದುಕೊಂಡು ಬಂದ ತಮ್ಮ, ಬ್ಯಾಗಿನ ಹಿಡಿಕೆಗೆ ಕರೆಂಟು ವೈರು ಬಿಗಿದುಕೊಂಡು ಬಂದಿದ್ದ ಒಬ್ಬ ದಢೂತಿ ಗಿರಾಕಿಗೆ ಅವಳು ಬೈಯುವುದನ್ನು ಸುಮ್ಮನೆ ಫೋನಿನಲ್ಲಿ ಹಿಡಿದು ಹಾಕಿದ. ಬೆಳಗಾಗುವಷ್ಟರಲ್ಲಿ ಅದು ಊರು ಸುತ್ತಿ ಬಂದಿತ್ತು. 'ಬೈಯೋ ಅಕ್ಕ' ಎಂದು ಪೇಜು ಹುಟ್ಟಿತು. ಅಂಗಡಿ ಮುಂದೆ ಜನ ನಿಂತರು. ಪೇಜಿನಲ್ಲಿ ಬಂದ ಒಂದೊಂದು ಕಾಮೆಂಟಿಗೂ ತಮ್ಮನೇ ಅಕ್ಕನ ಹೆಸರಲ್ಲಿ ಉತ್ತರ ಕೊಟ್ಟ: "ತಗೊಂಡ್ ಬಾ ನಿನ್ ಬ್ಯಾಗು, ಹೊಲಿಗೆಗೆ ದುಡ್ಡು, ಬೈಗುಳ ಫ್ರೀ." ಪಾಸ್‌ವರ್ಡೂ ಅವನದೇ, ಮಾತೂ ಅವನದೇ, ಮುಖ ಮಾತ್ರ ಅವಳದು.

ಅವಳಿಗೂ ಹಿಡಿಸಿತ್ತು, ಸುಳ್ಳೇಕೆ ಹೇಳಬೇಕು. ಬಸ್ಸಿನಲ್ಲಿ ಜನ ಗುರುತು ಹಿಡಿದು ಸೀಟು ಬಿಟ್ಟುಕೊಟ್ಟರೆ ಯಾರಿಗೆ ಬೇಡ? ಬೆಳಿಗ್ಗೆ ಹಲ್ಲುಜ್ಜುವಾಗಲೇ ಆ ದಿನದ ಬೈಗುಳ ಹೊಸೆಯುವುದು ಅವಳಿಗೆ ರೂಢಿಯಾಯಿತು. ತಮ್ಮ ಒಂದೊಂದಾಗಿ ನಿಯಮ ಮಾಡಿದ. ಮುಖ್ಯವಾದದ್ದು ಇದು: "ತಿರುವಿ ನೋಡೋದೆಲ್ಲಾ ಬೋರು ಅಕ್ಕಾ. ಅಷ್ಟರಲ್ಲಿ ಜನ ಮುಂದಕ್ಕೆ ಹೋಗಿರ್ತಾರೆ. ಮೊದಲು ಬೈದುಬಿಡು, ಆಮೇಲೆ ಬೇಕಾದ್ರೆ ತಿರುವ್ಕೋ." ಅವಳು ಒಪ್ಪಿದಳು.

ಕೋತಿ ಕುಣಿತವನ್ನೂ ಜನ ಎಷ್ಟು ದಿನ ನೋಡುತ್ತಾರೆ? ನೋಡುವವರು ಕಮ್ಮಿಯಾಗತೊಡಗಿದರು. ಸೂಟ್‌ಕೇಸು ಮಾಡುವ ಕಂಪನಿಯೊಂದು ಜಾಹೀರಾತಿಗೆಂದು ಮಾತಾಡಿಸಿತ್ತು, ಅದೂ ಹಿಂದೆ ಸರಿಯುವ ಹಾಗೆ ಕಂಡಿತು. "ನಿನ್ನ ಸಿಟ್ಟು ಈಗ ನಾಟಕದ್ದು ಅಂತ ಗೊತ್ತಾಗ್ತಿದೆ. ಕಂಪನಿಯೋರಿಗೆ ನಿಜವಾದ್ದು ಬೇಕಂತೆ" ಎಂದು ತಮ್ಮ ಉಗುರು ಕಚ್ಚುತ್ತಾ ಓಡಾಡಿದ.

ನರ್ಸಮ್ಮ ಬಂದದ್ದು ಆ ವಾರವೇ. ಹಿಂದಿನ ಬೀದಿಯಲ್ಲಿ ಒಬ್ಬರೇ ಇರುವ, ಕೆಲಸದಿಂದ ನಿವೃತ್ತರಾದ ಹೆಂಗಸು. ಅಪ್ಪ ಹಾಸಿಗೆ ಹಿಡಿದಿದ್ದಾಗ ದಿನಾ ಬೆಳಿಗ್ಗೆ ಬಂದು ಅವರ ಬೆನ್ನಿನ ಹುಣ್ಣು ತೊಳೆದು ಕಟ್ಟು ಕಟ್ಟಿದವರು. ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಅವರ ಕಂದು ಚರ್ಮದ ಬ್ಯಾಗನ್ನು ಆಗ ಅಪ್ಪ, ಆಮೇಲೆ ಅಕ್ಕ, ಹೊಲಿಯುತ್ತಾ ಬಂದಿದ್ದರು. ಹಿಂದಿನ ದಿನ ಅಕ್ಕ ನೂಲು ತರಲು ಹೋಗಿದ್ದಾಗ ಅವರು ಬ್ಯಾಗನ್ನು ತಮ್ಮನ ಕೈಗೆ ಕೊಟ್ಟು ಹೋಗಿದ್ದರು. ಈಗ ಅವರು ಕೇಳಲು ಬಂದಾಗ ತಮ್ಮ ಅದನ್ನು ತಂದು ಮೇಜಿನ ಮೇಲಿಟ್ಟ. ಒಂದು ಪಕ್ಕ ಮೇಲಿನಿಂದ ಕೆಳಗಿನವರೆಗೆ ಬಿಚ್ಚಿಕೊಂಡು ಬಾಯಿ ತೆರೆದಿತ್ತು.

ತಮ್ಮ ಫೋನು ಹಿಡಿದ. ಅಕ್ಕನ ರಕ್ತ ಕುದಿಯಿತು. ಈ ಸಲ ನಟಿಸಬೇಕಾದ್ದೇ ಇರಲಿಲ್ಲ. ಅಪ್ಪನ ಕೈಯ ಹೊಲಿಗೆ ಅದು.

"ಏನಮ್ಮಾ ಮಾಡಿದ್ರಿ ಇದನ್ನ? ಕಲ್ಲು ಹೊತ್ರಾ?"

"ನಾನು ಕೊಟ್ಟಾಗ ಚೆನ್ನಾಗಿತ್ತಲ್ಲ ಮಗಳೇ. ಬರೀ ಜಿಪ್ಪು ಸಿಕ್ಕಿಕೊಳ್ತಿತ್ತು."

"ಎಲ್ರೂ ಇದನ್ನೇ ಹೇಳೋದು! ಹಾಳು ಮಾಡೋದು ನೀವು, ಸುಳ್ಳು ಹೇಳೋದೂ ನೀವು. ಕಣ್ಣು ಕಾಣಲ್ಲ, ಕೈ ನಡುಗತ್ತೆ, ಈ ವಯಸ್ಸಲ್ಲಿ ಇಂಥಾ ಬ್ಯಾಗ್ಯಾಕೆ ನಿಮ್ಗೆ? ಒಂದು ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಓಡಾಡಿ!"

ನರ್ಸಮ್ಮ ಬ್ಯಾಗನ್ನು ನೋಡಿದರು, ಫೋನನ್ನು ನೋಡಿದರು, ಕೊನೆಗೆ ತಮ್ಮನ ಮುಖ ನೋಡಿದರು. ಅವರ ಕೆಳದುಟಿ ಒಮ್ಮೆ ಅದುರಿತು. "ಹೊಲಿಯೋಕಾದ್ರೆ ಹೊಲಿ ಮಗಳೇ, ಇಲ್ಲದಿದ್ರೆ ಎಸೆದುಬಿಡು" ಎಂದು ಮೆಟ್ಟಿಲಿಳಿದು ಹೋದರು.

ಸಂಜೆಗೆ ಆ ವಿಡಿಯೋ ಹಳೆಯದನ್ನೆಲ್ಲಾ ಹಿಂದೆ ಹಾಕಿತ್ತು. ನರ್ಸಮ್ಮನ ಅದುರುವ ತುಟಿಯನ್ನು ಯಾರೋ ಕತ್ತರಿಸಿ, ಅದಕ್ಕೆ ಡೊಳ್ಳಿನ ಶಬ್ದ ಸೇರಿಸಿ ಹಂಚಿದ್ದರು. ಪ್ಲಾಸ್ಟಿಕ್ ಕವರ್ ಅಜ್ಜಿ ಎಂದು ಹೆಸರೂ ಇಟ್ಟಾಗಿತ್ತು.

ಮರುದಿನ ಬೆಳಿಗ್ಗೆ ಹೊಲಿಯಲು ಕೂತಾಗ ಅಕ್ಕ ಬ್ಯಾಗನ್ನು ತಿರುವಿ ಹಾಕಿದಳು. ಅಸ್ತರು ಹರಿದಿರಲಿಲ್ಲ, ಗೆರೆ ಹೊಡೆದ ಹಾಗೆ ನೆಟ್ಟಗೆ ಕೊಯ್ದಿತ್ತು. ಅಪ್ಪನ ಹೊಲಿಗೆ ಒಂದೊಂದೂ ಒಳಗಡೆಯಿಂದ ಕತ್ತರಿಸಿತ್ತು. ಭಾರಕ್ಕೆ ಬಿಚ್ಚಿಕೊಂಡ ಬ್ಯಾಗು ಹೀಗಿರುವುದಿಲ್ಲ. ಬ್ಯಾಗನ್ನು ತಿರುವಿ ಹಾಕಿ ಒಳಗಿನಿಂದ ಕೊಯ್ಯಲು ಬರುವವರು ಆ ಊರಲ್ಲಿ ಇಬ್ಬರೇ ಇದ್ದರು. ಇಬ್ಬರೂ ಅಪ್ಪನ ಪಕ್ಕ ಕೂತು ಕಲಿತವರು. ಅವರಲ್ಲೊಬ್ಬಳು ಅವಳು.

ನಿನ್ನೆ ನರ್ಸಮ್ಮನ ಎದುರಿಗೆ ಒಂದೇ ಒಂದು ಸಲ ಇದನ್ನು ತಿರುವಿದ್ದರೆ ಸಾಕಿತ್ತು. ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಂತಾಯಿತು.

"ಬಾರೋ ಇಲ್ಲಿ."

ತಮ್ಮ ಫೋನು ನೋಡುತ್ತಲೇ ಬಂದ. ಅಕ್ಕ ಬ್ಯಾಗನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ಏನಿದು?"

ಅವನು ನೋಡಿದ. ಬೇರೆಡೆ ನೋಡಿದ. "ಹೊಲಿದ್ರೆ ಆಯ್ತಲ್ಲಕ್ಕಾ. ಹೊಲಿಯೋದಕ್ಕೆ ತಾನೇ ನೀನಿರೋದು? ದುಡ್ಡು ತಗೋಬೇಡ, ಹೊಸ ಜಿಪ್ಪೂ ಹಾಕಿಕೊಡು. ಅವರಿಗೂ ಲಾಭ."

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲೋ! ನಂಬಿ ಕೈಗೆ ಕೊಟ್ಟು ಹೋಗಿದ್ರು. ಅಪ್ಪನ ಹುಣ್ಣು ತೊಳೆದ ಕೈಯೋ ಅದು! ಅಪ್ಪನ್ನ ಮಗ್ಗುಲಿಗೆ ತಿರುಗಿಸೋಕೂ ನೀನು ಬರ್ತಿರ್ಲಿಲ್ಲ, ವಾಸನೆ ಅಂತ ಹೊರಗೆ ನಿಲ್ತಿದ್ದೆ. ಮರೆತೆಯಾ ಮನೆಹಾಳಾ?"

ಅವನ ಮುಖ ಸಣ್ಣದಾಯಿತು. ಅದು ಎಷ್ಟು ಹೊತ್ತು? ಕಣ್ಣು ಮಿಟುಕಿಸುವಷ್ಟು. ಆಮೇಲೆ ಅವನ ಕೈ ತಾನಾಗಿ ಮೇಲೆದ್ದಿತು, ಕೈಯಲ್ಲಿ ಫೋನಿತ್ತು. "ಅಕ್ಕಾ, ತಡಿ ತಡಿ. ಇದು, ಈ ಸಿಟ್ಟೇ ಬೇಕಾಗಿರೋದು. ಮೊದಲಿಂದ ಹೇಳು."

ಹೊಡೆಯಲು ಎತ್ತಿದ ಕೈಯನ್ನು ಅಕ್ಕ ಇಳಿಸಿದಳು. ಹೊಡೆದರೆ ಅದೂ ಪೇಜಿಗೆ ಹೋಗುತ್ತಿತ್ತು. ಸ್ವಂತ ತಮ್ಮನಿಗೆ ಒಂದು ಏಟು ಕೊಡುವ ಹಕ್ಕೂ ಅವಳಿಗೆ ಉಳಿದಿರಲಿಲ್ಲ.

"ಆ ನರ್ಸಮ್ಮನ ವಿಡಿಯೋ ತೆಗೆದುಹಾಕು" ಎಂದಳು.

"ಆಗಲ್ಲ. ಕಂಪನಿಯೋರು ಅದನ್ನ ನೋಡೇ ಒಪ್ಪಿರೋದು. ಇನ್ನು ನಾನು ತೆಗೆದ್ರೂ ಏನು ಬಂತು, ಜನರ ಹತ್ರ ಇದೆಯಲ್ಲ."

"ಹಾಗಾದ್ರೆ ಲೈವ್ ಹಾಕು. ನಾನು ಮಾತಾಡ್ಬೇಕು."

"ಸಂಜೆ ಹಾಕ್ತೀನಿ, ಆಗ ಜನ ಜಾಸ್ತಿ" ಎಂದ ತಮ್ಮ. ಅವಳು ಹೊಲಿಯಲು ಕೂತಳು. ಮಧ್ಯಾಹ್ನ ಪೂರ್ತಿ ತಲೆಯೆತ್ತಲಿಲ್ಲ. ಹೊಸ ಅಸ್ತರು ಕೊಟ್ಟು, ಮೇಣ ತಿಕ್ಕಿದ ನೂಲಿನಲ್ಲಿ, ಅಪ್ಪನ ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಹೊಲಿದಳು. ಸಂಜೆ ತಮ್ಮ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸನ್ನೆ ಮಾಡಿದ.

"ಎಲ್ರೂ ಕೇಳಿ" ಎಂದಳು ಅಕ್ಕ. "ನಾನು ಬೈದೆನಲ್ಲ, ಆ ನರ್ಸಮ್ಮಂದು ಏನೂ ತಪ್ಪಿಲ್ಲ. ಅವರ ಬ್ಯಾಗನ್ನ ಕೊಯ್ದಿದ್ದು ನನ್ನ ತಮ್ಮ. ನಿಮಗೆ ತೋರಿಸೋಕೆ ಅಂತ ಕೊಯ್ದ. ತಿರುವಿ ನೋಡದೆ ಬೈದಿದ್ದು ನಾನು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅವರನ್ನ ನೋಡಿ ನಗೋದು ಬಿಡಿ. ಕೈ ಮುಗೀತೀನಿ."

ತಮ್ಮನ ಮುಖ ಬಿಳುಚಿಕೊಂಡಿತು. ಫೋನಿನ ಕಡೆ ಬಗ್ಗಿದ. ಬಗ್ಗಿದವನ ಮುಖಕ್ಕೆ ನಿಧಾನವಾಗಿ ಕಳೆ ಬಂತು. ಪರದೆಯ ಮೇಲೆ ಸಾಲುಗಳು ಒಂದರ ಮೇಲೊಂದು ಏರುತ್ತಿದ್ದವು. ಅಕ್ಕನೂ ಓದಿದಳು. 'ಏನ್ ಟ್ವಿಸ್ಟ್ ಗುರೂ.' 'ಅಕ್ಕ ಸೂಪರ್ ಆಕ್ಟಿಂಗ್.' 'ಅಳೋದು ಇನ್ನೂ ಸ್ವಲ್ಪ ಬೇಕಿತ್ತು.' 'ಪ್ಲಾಸ್ಟಿಕ್ ಅಜ್ಜಿ ಮತ್ತೆ ಯಾವಾಗ ಬರ್ತಾರೆ?' 'ತಮ್ಮಂಗೆ ಒದಿ ಅಕ್ಕ, ಲೈವಲ್ಲೇ ಒದಿ.'

ತಮ್ಮ ಫೋನಿನ ಮುಂದೆ ಬಂದು, ಕಿವಿ ಹಿಡಿದುಕೊಂಡು ಮಂಡಿಯೂರಿದ. "ತಪ್ಪಾಯ್ತಕ್ಕಾ, ಹೊಡಿ ನನ್ನ" ಎಂದು ಒಂದು ಕಣ್ಣು ಹೊಡೆದ.

"ನಾಟಕ ಅಲ್ರೋ ಇದು!" ಅಕ್ಕ ಕಿರುಚಿದಳು. ಗಂಟಲು ಹರಿಯುವ ಹಾಗೆ ಕಿರುಚಿದಳು. "ಮನುಷ್ಯರಾ ನೀವು? ಒಬ್ಬ ಮುದುಕಿಯ ತುಟಿ ನಡುಗೋದನ್ನ ನೋಡಿ ನಗ್ತೀರಲ್ಲ, ನಿಮ್ಮ ಮನೇಲಿ ತಾಯಂದಿರಿಲ್ವಾ? ಥೂ ನಿಮ್ಮ! ಥೂ ನನ್ನ ಬಾಯಿಗೆ!"

ಪರದೆಯ ತುಂಬ ಕೆಂಪು ಹೃದಯಗಳು ಗುಳ್ಳೆ ಗುಳ್ಳೆಯಾಗಿ ಏಳತೊಡಗಿದವು. ಅಷ್ಟು ಹೃದಯಗಳು ಆ ಪೇಜಿಗೆ ಎಂದೂ ಬಿದ್ದಿರಲಿಲ್ಲ. ತಮ್ಮ ಮಂಡಿಯೂರಿದ್ದಲ್ಲೇ ಸಂತೋಷದಿಂದ ನಡುಗುತ್ತಿದ್ದ.

ಅಕ್ಕ ಬ್ಯಾಗನ್ನು ಎದೆಗವಚಿಕೊಂಡು ಎದ್ದಳು. ಚಪ್ಪಲಿ ಮೆಟ್ಟಲೂ ನಿಲ್ಲದೆ ಮೆಟ್ಟಿಲಿಳಿದಳು. ಹಿಂದಿನಿಂದ ತಮ್ಮ, "ಅಕ್ಕಾ, ಇನ್ನೊಂದು ಐದು ನಿಮಿಷ!" ಎಂದು ಕೂಗುತ್ತಿದ್ದ. ಬೀದಿಯ ಜನ ತಿರುಗಿ ನೋಡಿ ಗುರುತು ಹಿಡಿದು ನಕ್ಕರು. ಒಬ್ಬ, "ಅಕ್ಕಾ, ನಂಗೂ ಬೈಯಿ" ಎಂದ. ಅವಳು ಬಿರುಸಾಗಿ ನಡೆದಳು. ಸಿಟ್ಟು ನೆತ್ತಿಗೇರಿ ಕಣ್ಣು ಮಂಜಾಗಿತ್ತು. ಒಂದು ಸಲ ನರ್ಸಮ್ಮ ಬ್ಯಾಗನ್ನು ಕೈಗೆ ತೆಗೆದುಕೊಂಡು, ಎಲ್ಲಿ ಕೊಯ್ದಿತ್ತು, ಎಲ್ಲಿ ಹೊಲಿದಿದೆ ಎಂದು ಸವರಿ ನೋಡಿದರೆ ಸಾಕು. ಅವರಾದರೂ ನಂಬಬೇಕು. ಆಮೇಲೆ ಉಗಿಯಲಿ, ಬಾಗಿಲು ಹಾಕಿಕೊಳ್ಳಲಿ.

ಎರಡನೆಯ ಸಲ ತಟ್ಟಿದಾಗ ಬಾಗಿಲು ಅರ್ಧ ತೆರೆಯಿತು. ನರ್ಸಮ್ಮ ಮನೆಯ ಹಳೆಯ ಬಟ್ಟೆಯಲ್ಲಿದ್ದರು. ಮಲಗಿ ಎದ್ದ ಹಾಗೆ ಕೂದಲು ಕೆದರಿತ್ತು.

"ತಪ್ಪಾಯ್ತಮ್ಮಾ" ಎಂದಳು ಅಕ್ಕ. ಬ್ಯಾಗನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. "ಬ್ಯಾಗು ನೀವು ಹಾಳು ಮಾಡಿದ್ದಲ್ಲ. ನನ್ನ ತಮ್ಮ ಕೊಯ್ದಿದ್ದು. ಗೊತ್ತಿಲ್ದೆ ನಿಮ್ಮನ್ನ ಅಂದುಬಿಟ್ಟೆ. ಹೊಲಿದು ತಂದಿದೀನಿ, ನೋಡಿ."

ನರ್ಸಮ್ಮ ಬ್ಯಾಗನ್ನು ನೋಡಲಿಲ್ಲ. ಅಕ್ಕನ ಹೆಗಲ ಮೇಲಿಂದ ಬೀದಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಎದುರುಮನೆಯ ಕಿಟಕಿ ನೋಡಿದರು.

"ಎಲ್ಲಿಟ್ಟಿದೀರಿ?"

"ಏನನ್ನಮ್ಮಾ?"

"ಅದೇ, ಫೋನು."

"ಇಲ್ಲಮ್ಮಾ, ಯಾರೂ ಇಲ್ಲ. ನಾನೊಬ್ಳೇ ಬಂದಿದೀನಿ. ನೋಡಿ, ಕೈಯಲ್ಲಿ ನಿಮ್ಮ ಬ್ಯಾಗೊಂದೇ ಇರೋದು."

ನರ್ಸಮ್ಮ ತಲೆಯಾಡಿಸಿದರು. ಮಕ್ಕಳು ಸುಳ್ಳು ಹೇಳಿದಾಗ ದೊಡ್ಡವರು ಬೇಸರವಿಲ್ಲದೆ ತಲೆಯಾಡಿಸುವ ಹಾಗೆ. ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಬೆಳಕಿಗೆ ಬಂದು ನಿಂತರು. ಎರಡೂ ಕೈ ಎತ್ತಿ, ಕೆದರಿದ ನರೆಗೂದಲನ್ನು ಮೆಲ್ಲಗೆ ಹಿಂದಕ್ಕೆ ಸವರಿ ಕಟ್ಟಿಕೊಳ್ಳತೊಡಗಿದರು.

"ಎಲ್ಲಿ ನಿಂತ್ಕೋಬೇಕು ಹೇಳಿ" ಎಂದರು. "ಬೇಗ ಮುಗಿಸಿಬಿಡಿ."