ದುಪ್ಪಟಿ ಅಕ್ಕನ ಉತ್ತರ

ಲಕೋಟೆಯನ್ನು ವೇದಿಕೆ ಹತ್ತುವ ತನಕ ಒಡೆಯಬಾರದು ಎಂದು ಅಂಗಡಿಯ ಯಜಮಾನಿ ಮೂರನೆಯ ಸಲ ಹೇಳಿ ಹೋದಳು. ಹೆಂಡತಿ ಅದನ್ನು ಮಡಿಲಲ್ಲಿಟ್ಟುಕೊಂಡು, ಬೆಳಕಿಗೆ ಹಿಡಿದು ನೋಡುವ ಆಸೆಯನ್ನೂ ತಡೆದುಕೊಂಡು ನೆಟ್ಟಗೆ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿದ್ದ ಗಂಡನಿಗೆ ಆ ಲಕೋಟೆಯ ಮೇಲಿಂದ ಕಣ್ಣು ಕೀಳಲಾಗುತ್ತಿರಲಿಲ್ಲ.

"ಏನಿರಬಹುದು ರೀ ಇದ್ರಲ್ಲಿ?"

"ನಂಗೇನು ಗೊತ್ತು."

"ಎಲ್ಲಾ ಬರ್ದಿರೋದು ನೀವೇ ತಾನೆ."

"ಎರಡು ವರ್ಷದಲ್ಲಿ ಮೂರು ಸಾವಿರ ಉತ್ತರ ಬರ್ದಿದೀನಿ. ಯಾವ್ದು ಅಂತ ನೆನಪಿಟ್ಕೊಳ್ಳಲಿ?"

ಶುದ್ಧ ಸುಳ್ಳು. ಅವನಿಗೆ ಒಂದೊಂದೂ ನೆನಪಿತ್ತು. ನೆನಪಾಗಬಾರದವು ಇನ್ನೂ ಚೆನ್ನಾಗಿ ನೆನಪಿದ್ದವು.

ಅಂಗಡಿ ಅಂದರೆ ಬಾಗಿಲು, ತಕ್ಕಡಿ ಇರುವ ಅಂಗಡಿಯಲ್ಲ. ಒಬ್ಬರೋ ಇಬ್ಬರೋ ಮನೆಯಲ್ಲಿ ಕೂತು ಮಾಡಿದ ಸಣ್ಣಪುಟ್ಟ ಗೇಮ್‌ಗಳನ್ನು ಇಡುವ ಜಾಲತಾಣ. ಆಡುವವರು ಅಲ್ಲಿಂದ ತಮ್ಮ ಫೋನಿಗೋ ಕಂಪ್ಯೂಟರಿಗೋ ಇಳಿಸಿಕೊಳ್ಳುತ್ತಾರೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಶುರುವಾದ ಈ ಕಾರುಬಾರಿಗೆ ಇವತ್ತು ಒಂದು ಕೋಟಿ ಡೌನ್‌ಲೋಡ್ ತುಂಬುವುದಿತ್ತು. ಅದಕ್ಕಾಗಿ ನೃತ್ಯಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದಿದ್ದರು. ಒಂದು ಗೋಡೆ ತುಂಬ ಕನ್ನಡಿ. ಎದುರಿನ ಗೋಡೆಗೆ ಬಿಳಿ ಪರದೆ ಕಟ್ಟಿ, ಅದರ ಮೇಲೆ ಏರುತ್ತಿರುವ ಸಂಖ್ಯೆ. ಸಂಖ್ಯೆಯ ಪಕ್ಕದಲ್ಲಿ, ಮನೆಗಳಲ್ಲಿ ಕೂತು ನೇರಪ್ರಸಾರ ನೋಡುತ್ತಿದ್ದ ಆಟಗಾರರು ಬರೆದ ಸಾಲುಗಳು ಒಂದರ ಹಿಂದೊಂದು ಹತ್ತಿ ಹೋಗುತ್ತಿದ್ದವು.

ಈ ಅಂಗಡಿಯದು ಒಂದು ಕಟ್ಟುನಿಟ್ಟು. ಆಡಿದವರು ಏನೇ ಬರೆದರೂ ಗೇಮ್ ಮಾಡಿದವರೇ ಕೈಯಾರೆ ಉತ್ತರ ಕೊಡಬೇಕು. ಕೊಡದಿದ್ದರೆ ಆ ಗೇಮನ್ನು ಯಜಮಾನಿ ಪಟ್ಟಿಯ ತಳಕ್ಕೆ ತಳ್ಳಿಬಿಡುತ್ತಾಳೆ. ಹೀಗಾಗಿ ಜನ ಆಟಕ್ಕೆ ಬರುವಷ್ಟೇ ಉತ್ತರಕ್ಕೂ ಬರುತ್ತಿದ್ದರು. ಲಕ್ಷ ದಾಟಿದಾಗ, ಹತ್ತು ಲಕ್ಷ ದಾಟಿದಾಗ ನಡೆದುಕೊಂಡು ಬಂದ ಪದ್ಧತಿಯೂ ಅದೇ: ಆಟಗಾರರೆಲ್ಲ ಸೇರಿ ತಮಗೆ ಹಿಡಿಸಿದ ಉತ್ತರಗಳನ್ನು ಆರಿಸುತ್ತಾರೆ, ಬರೆದವರು ಲಕೋಟೆ ಒಡೆದು ಅದನ್ನು ಎಲ್ಲರೆದುರು ಓದುತ್ತಾರೆ. ಈ ಸಲ ಆರಿಸಿದ ಐವರಲ್ಲಿ 'ದುಪ್ಪಟಿ' ಗೇಮ್ ಮಾಡಿದ ಇವನ ಹೆಂಡತಿಯೂ ಒಬ್ಬಳು. ಆಟಗಾರರ ಬಾಯಲ್ಲಿ ಅವಳು ದುಪ್ಪಟಿ ಅಕ್ಕ.

ಈ ದುಪ್ಪಟಿ ಹುಟ್ಟಿದ್ದನ್ನು ನೆನೆದರೆ ಅವನಿಗೆ ಇವತ್ತಿಗೂ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಗುತ್ತದೆ. ಗೇಮ್ ಮಾಡುವವನು ಅವನು. ಐದು ವರ್ಷ ಹಗಲಿರುಳು ಕೂತು 'ಕೊನೆಯ ಕೋಟೆ' ಕಟ್ಟಿದವನು. ನಲವತ್ತು ಸುರಂಗ, ಹನ್ನೆರಡು ಸೇನಾಪತಿಗಳು, ಒಬ್ಬೊಬ್ಬರಿಗೂ ಬೇರೆ ಬೇರೆ ನಡಿಗೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಬಟ್ಟೆ ವಿಭಾಗದಲ್ಲಿ ಕೆಲಸ. ಒಗೆದು ಬಂದ ಹಾಸಿಗೆ ಬಟ್ಟೆ ಎಣಿಸಿ, ಮಡಚಿ, ವಾರ್ಡಿಗೆ ಕಳಿಸುವುದು. ಮರೆವು ಹಿಡಿದ ಅವಳ ತಾಯಿ ಇವರ ಮನೆಯಲ್ಲೇ ಇದ್ದರು, ಇಡೀ ದಿನ ಏನಾದರೊಂದು ಬಟ್ಟೆ ಮಡಚುತ್ತ. ಅಮ್ಮನ ಕೈಗೆ ಕೆಲಸವಿರಲಿ ಅಂತ ಅವಳು ಗಂಡನ ಹತ್ತಿರವೇ ನಾಲ್ಕು ಪಾಠ ಕಲಿತು, ಎರಡು ವಾರದಲ್ಲಿ, ಬೆರಳಿನಿಂದ ದುಪ್ಪಟಿ ಮಡಚುವ ಒಂದು ಗೇಮ್ ಮಾಡಿದಳು. "ಇರ್ಲಿ, ಒಂದು ಮೂಲೇಲಿ ಬಿದ್ದಿರತ್ತೆ" ಎಂದು ಅದನ್ನು ಅಂಗಡಿಗೆ ಹಾಕಿದವನೂ ಅವನೇ.

ಕೋಟೆಯನ್ನು ಇಳಿಸಿಕೊಂಡವರು ಹನ್ನೊಂದು ಸಾವಿರ. ದುಪ್ಪಟಿಯನ್ನು ಆರು ಲಕ್ಷ. ಹಿಟ್ಟು ರುಬ್ಬಿದವನು ಒಬ್ಬ, ದೋಸೆ ತಿಂದವನು ಇನ್ನೊಬ್ಬ ಅಂದುಕೊಳ್ಳೋಣವೆಂದರೆ ಇಲ್ಲಿ ರುಬ್ಬಿದವಳೂ ಅವಳೇ. ಅದೇ ಅವನಿಗೆ ಸಹಿಸಲಾಗದ ಸಂಗತಿ.

"ನಿಮಗೆ ಮಾತು ಚೆನ್ನಾಗಿ ಬರತ್ತೆ, ನೀವೇ ಬರೀರಿ" ಎಂದು ಅವಳು ಉತ್ತರ ಕೊಡುವ ಕೆಲಸವನ್ನು ಅವನಿಗೇ ಬಿಟ್ಟಿದ್ದಳು. ದಿನವಿಡೀ ನಿಂತು ಬಂದವಳು ಮತ್ತೆ ಕೂತು ಬರೆಯಲು ಶಕ್ತಿ ಎಲ್ಲಿಂದ ಬರಬೇಕು? ಮೊದಮೊದಲು ಅವನೂ ಮರ್ಯಾದೆಯಾಗಿಯೇ ಬರೆದ. ಆಮೇಲೆ ಒಂದು ದಿನ, ಯಾರೋ "ಅಕ್ಕಾ, ಇಂಥ ಆಟ ನನ್ನ ಜನ್ಮದಲ್ಲಿ ಆಡಿಲ್ಲ" ಎಂದಾಗ, ಅಕ್ಕನ ಹೆಸರಿನಲ್ಲೇ ಬರೆದ: "ದುಪ್ಪಟಿ ಬರೀ ಹೊತ್ತು ಕಳೆಯೋಕೆ. ನಿಜವಾದ ಆಟ ಬೇಕಾದರೆ ಕೊನೆಯ ಕೋಟೆ ಆಡಿ. ಮಾಡಿದವರು ಯಾರೋ ಗೊತ್ತಿಲ್ಲ, ಅಸಾಮಾನ್ಯ ಬುದ್ಧಿವಂತರು." ಬರೆದ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡ. ಮರುವಾರ ಮತ್ತೆ ಬರೆದ. ಕೋಟೆಯ ಹನ್ನೊಂದು ಸಾವಿರದಲ್ಲಿ ಒಂಬತ್ತು ಸಾವಿರ ಆಮೇಲೆ ಬಂದದ್ದು. ಸಂಜೆ ಹೆಂಡತಿ "ಕೋಟೆ ಮೇಲೆ ಬರ್ತಿದೆಯಲ್ಲಾ ರೀ" ಎಂದು ಸಂತೋಷಪಟ್ಟಾಗ, "ಒಳ್ಳೇದನ್ನ ಜನ ಗುರ್ತಿಸ್ತಾರೆ, ಸ್ವಲ್ಪ ನಿಧಾನ ಅಷ್ಟೆ" ಎಂದಿದ್ದ.

ಈಗ ಆ ಲಕೋಟೆಯಲ್ಲಿ ಅಂಥದ್ದೇ ಒಂದು ಇದ್ದುಬಿಟ್ಟರೆ? ಹೆಂಡತಿ ಅದನ್ನು ಓದುತ್ತಾಳೆ, ಓದುತ್ತ ಓದುತ್ತ ಅವನು ಎಂಥವನೆಂದು ತಿಳಿಯುತ್ತಾಳೆ. ಕುಂಬಳಕಾಯಿ ಕಳ್ಳನ ಹಾಗೆ ಅವನು ಮತ್ತೆ ಮತ್ತೆ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಕನ್ನಡಿಯ ಗೋಡೆ ಬೇರೆ. ಎತ್ತ ತಿರುಗಿದರೂ ಅವನದೇ ಮುಖ.

ಮೊದಲು ಗಡ್ಡದವನೊಬ್ಬ ಹೋದ. ಲಕೋಟೆ ಒಡೆದು ಗಂಟಲು ಸರಿಮಾಡಿಕೊಂಡು "ಸರಿ" ಎಂದು ಓದಿದ. ಉತ್ತರ ಅಷ್ಟೇ ಇತ್ತು. ಯಾರೋ ಅವನಿಗೆ ನಾಲ್ಕು ಪುಟ ಬೈದು ಬರೆದಿದ್ದರಂತೆ. ಹಾಲ್ ನಕ್ಕು ನಕ್ಕು ಸುಸ್ತಾಯಿತು. ಎರಡನೆಯದು ಹೆಂಡತಿಯದು.

ಅವಳು ಮೆಟ್ಟಿಲು ಹತ್ತಿದಳು, ಮೈಕು ಸರಿಮಾಡಿಕೊಂಡಳು. ಮೊದಲು ಆಟಗಾರ್ತಿಯೊಬ್ಬಳು ಬರೆದದ್ದನ್ನು ಓದಿದಳು: "ಅಮ್ಮ ಹೋಗಿ ಮೂರು ವಾರ ಆಯ್ತು. ಅವಳ ಬಟ್ಟೆ ಮಡಚಿಡೋಕೆ ಕೈ ಬರ್ತಿಲ್ಲ. ನಿಮ್ಮ ಆಟದಲ್ಲಿ ಮಡಚ್ತಾ ಕೂತಿದೀನಿ. ಇದು ಹುಚ್ಚಾ ಅಕ್ಕ?" ಆಮೇಲೆ ಉತ್ತರ.

"ಹುಚ್ಚಲ್ಲ. ನಮ್ಮ ಮನೆಯಲ್ಲೂ ಒಬ್ಬರು ಅಮ್ಮ ಇದ್ದರು. ಕೊನೆಕೊನೆಗೆ ಎಲ್ಲರ ಹೆಸರೂ ಮರೆತುಹೋಗಿತ್ತು. ಕೈಗೆ ಮಾತ್ರ ಮಡಚುವುದು ಮರೆತಿರಲಿಲ್ಲ. ಒಂದೇ ದುಪ್ಪಟಿ ಮಡಚಿ ಮುಗಿಸಿ, ಬೀರುವಿನಲ್ಲಿಡು ಅಂತ ನನ್ನ ಕೈಗೆ ಕೊಡುತ್ತಿದ್ದರು. ನಾನು ಆಚೆ ಕೋಣೆಗೆ ಹೋಗಿ, ಅದನ್ನೇ ಬಿಡಿಸಿ, ಇಗೋ ಇನ್ನೊಂದು ಅಂತ ತಂದುಕೊಡುತ್ತಿದ್ದೆ. ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಒಂದು ದಿನ ಅವರು ನನ್ನ ಕೆನ್ನೆ ಸವರಿ, ಪಾಪ, ನಿನಗೂ ಕೆಲಸ ಮುಗಿಯೋದೇ ಇಲ್ಲ ಅಲ್ವಾ ಅಂದರು. ನಿಮ್ಮ ಅಮ್ಮನ ಬಟ್ಟೆ ಹಾಗೇ ಇರಲಿ. ಯಾರಿಗೆ ಅವಸರ?"

ಹಾಲ್‌ನಲ್ಲಿ ಮೂಗು ಒರೆಸಿಕೊಳ್ಳುವ ಸದ್ದು. ಪರದೆಯ ಮೇಲೆ ಸಾಲುಗಳು ನುಗ್ಗಿ ಬಂದವು. ಅಕ್ಕ, ನೀವೇ ನಮ್ಮ ಅಕ್ಕ. ಇಂಥ ಮಾತು ನಿಮಗೆ ಮಾತ್ರ ಬರುತ್ತೆ.

ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವನು ಉಸಿರುಬಿಟ್ಟ. ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಹೊಟ್ಟೆಯಲ್ಲಿ ಮತ್ತೆ ಉರಿ ಎದ್ದಿತು. ಮಾತು ತನ್ನದು, ಚಪ್ಪಾಳೆ ಅವಳಿಗೆ. ಐದು ವರ್ಷದಲ್ಲಿ ಅವನು ಕಟ್ಟಿದ ಯಾವ ಕೋಟೆಯೂ ಯಾರ ಕಣ್ಣಲ್ಲೂ ನೀರು ತರಿಸಿರಲಿಲ್ಲ. ತರಿಸಿದ ನಾಲ್ಕು ಸಾಲು ಅವಳ ಹೆಸರಿಗೆ ಹೋಗಿತ್ತು. ಇವಳಿಗೆ ಎಲ್ಲವೂ ಹೀಗೆಯೇ ಬಂದು ಬೀಳುತ್ತದೆ ಎಂದುಕೊಂಡ.

ಹೆಂಡತಿ ಕಾಗದ ಮಡಚಲಿಲ್ಲ. ಅದನ್ನೇ ನೋಡುತ್ತ ನಿಂತಿದ್ದಳು.

"ಇದನ್ನ ಬರ್ದಿದ್ದು ನಾನಲ್ಲ" ಎಂದಳು. "ಹಗಲು ನಾನು ಆಸ್ಪತ್ರೇಲಿರ್ತಿದ್ದೆ. ನಮ್ಮಮ್ಮನ ಜೊತೆ ಇರ್ತಿದ್ದಿದ್ದು ನಮ್ಮನೆಯವರು. ಅಮ್ಮ ಹೀಗಂದಿದ್ರು ಅಂತ ನಂಗೆ ಇವತ್ತೇ, ಇಲ್ಲೇ ಗೊತ್ತಾಗಿದ್ದು." ಸೆರಗಿನಿಂದ ಕಣ್ಣೊರೆಸಿಕೊಂಡು ಯಜಮಾನಿಯ ಕಡೆ ತಿರುಗಿದಳು. "ನಿಮ್ಮ ಕಟ್ಟಳೆ ಮುರಿದಿದೀವಿ, ತಪ್ಪಾಯ್ತು. ಆದ್ರೆ ಉತ್ತರ ಎಲ್ಲಾ ಅವರೇ ಬರ್ದಿದ್ದು. ಅಲ್ಲಿ ಕೂತಿದಾರೆ ನೋಡಿ."

ಎಲ್ಲ ತಲೆಗಳೂ ತಿರುಗಿದವು. ಯಜಮಾನಿಯೇ ಮೊದಲು ಚಪ್ಪಾಳೆ ತಟ್ಟಿದಳು. ಅವನು ಅರ್ಧ ಎದ್ದು ಕೈ ಮುಗಿದ. ಹತ್ತು ಎಣಿಸುವಷ್ಟು ಹೊತ್ತು ಅವನಷ್ಟು ಸುಖಿ ಆ ಹಾಲ್‌ನಲ್ಲಿ ಬೇರೊಬ್ಬರಿರಲಿಲ್ಲ.

"ಇವರೂ ನಮ್ಮ ಅಂಗಡಿಯವರೇ" ಎಂದು ಯಜಮಾನಿ ಒಳ್ಳೆಯ ಮನಸ್ಸಿನಿಂದಲೇ ಮೈಕಿನಲ್ಲಿ ಹೇಳಿದಳು. "ಕೊನೆಯ ಕೋಟೆ ಮಾಡಿದವರು."

ಪರದೆಯ ಮೇಲಿನ ಸಾಲುಗಳು ಒಂದು ಗಳಿಗೆ ನಿಂತವು. ಆಮೇಲೆ ಒಂದು ಬಂತು: ಎಲ್ಲಾ ಉತ್ತರ ಅಂದ್ರೆ, ಎಲ್ಲಾನಾ? ಅದರ ಬೆನ್ನಿಗೆ ಇನ್ನೊಂದು: ಅಕ್ಕ ನನಗೆ ಹೇಳಿದ್ರು ಅಂತ ಕೋಟೆ ಇಳಿಸ್ಕೊಂಡೆ. ನನಗೂ. ನನಗೂ. ಯಾರೋ ಹಳೆಯ ಉತ್ತರವೊಂದನ್ನು ಹುಡುಕಿ ತಂದು ಅಲ್ಲಿ ಹಾಕಿದರು. ಹೆಂಡತಿ ಮೈಕಿನೆದುರೇ ಇದ್ದಳು. ಓದಲೆಂದು ನಿಲ್ಲಿಸಿದ್ದರಲ್ಲ, ಅದನ್ನೂ ಓದಿದಳು, ಒಂದೊಂದೇ ಪದ, ನಿಧಾನವಾಗಿ. "ದುಪ್ಪಟಿ ಬರೀ ಹೊತ್ತು ಕಳೆಯೋಕೆ. ನಿಜವಾದ ಆಟ ಬೇಕಾದರೆ ಕೊನೆಯ ಕೋಟೆ ಆಡಿ. ಮಾಡಿದವರು ಯಾರೋ ಗೊತ್ತಿಲ್ಲ…" ಅಲ್ಲಿಗೆ ಅವಳ ಓದು ನಿಂತಿತು.

ಪರದೆಯಲ್ಲಿ ಯಾರೋ ಬರೆದರು: ತನ್ನ ಬೆನ್ನು ತಾನೇ ತಟ್ಟಿಕೊಳ್ಳೋರನ್ನ ನೋಡಿದ್ದೆ, ಹೆಂಡ್ತಿ ಕೈಯಲ್ಲಿ ತಟ್ಟಿಸಿಕೊಂಡವರನ್ನ ಇವತ್ತೇ ನೋಡಿದ್ದು.

ನಗು ಹಿಂದಿನ ಸಾಲಿನಿಂದ ಶುರುವಾಯಿತು. ಅವನು ಇನ್ನೂ ಅರ್ಧ ಎದ್ದೇ ಇದ್ದ. ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಸಂಖ್ಯೆಯಲ್ಲಿದ್ದ ಒಂಬತ್ತುಗಳೆಲ್ಲ ಒಮ್ಮೆಗೇ ಉರುಳಿ ಸೊನ್ನೆಯಾಗಿ, ಮುಂದೆ ಒಂದರ ಅಂಕಿ ಬಂದು ಕೂತಿತು. ಕೋಟಿ. ಜನ ಹೋ ಎಂದು ಎದ್ದರು, ಬಣ್ಣದ ಕಾಗದದ ಚೂರುಗಳು ಹಾರಿದವು. ಎಲ್ಲರೂ ಗೋಡೆ ನೋಡುತ್ತಿದ್ದರು. ಹೆಂಡತಿ ಒಬ್ಬಳು ಅವನನ್ನು ನೋಡುತ್ತಿದ್ದಳು.

ಮಧ್ಯಾಹ್ನದ ಬಸ್ಸು ಅರ್ಧ ಖಾಲಿ. ಅವಳು ಕಿಟಕಿ ಪಕ್ಕ ಕೂತಳು. ನಾಲ್ಕು ನಿಲ್ದಾಣ ದಾಟಿದ ಮೇಲೆ ಅವನ ಕಡೆ ತಿರುಗಿದಳು.

"ಎಷ್ಟು ಜನಕ್ಕೆ ಹಾಗೆ ಬರ್ದಿದೀರಿ?"

"ಲೆಕ್ಕ ಇಟ್ಟಿಲ್ಲ."

"ನನ್ನ ಮೇಲೆ ಹೊಟ್ಟೆಕಿಚ್ಚಾ?"

ಬೇಕಾದಷ್ಟು ಸಬೂಬುಗಳನ್ನು ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಎಲ್ಲ ಬಿಟ್ಟು "ಹೂಂ" ಎಂದ.

ಅವಳು ತಲೆಯಾಡಿಸಿದಳು. ಆಸ್ಪತ್ರೆಯಲ್ಲಿ ಬಟ್ಟೆ ಎಣಿಸಿ ಒಂದು ಕಡಿಮೆ ಬಂದಾಗ ಹೀಗೆಯೇ ತಲೆಯಾಡಿಸುತ್ತಿದ್ದಳೇನೋ.

"ಅಮ್ಮ ನಿಮ್ಮ ಕೆನ್ನೆ ಸವರಿದ್ದು ನಿಜಾನಾ?"

"ನಿಜ."

"ನಾನು ಕೆಲಸದಿಂದ ಬಂದ ತಕ್ಷಣ ಕೇಳ್ತಿದ್ದೆ, ಅಮ್ಮ ಇವತ್ತು ಏನಾದ್ರೂ ಮಾತಾಡಿದ್ರಾ ಅಂತ. ದಿನಾ ಕೇಳ್ತಿದ್ದೆ."

"ಅದು ನಂಗೆ ಹೇಳಿದ್ ಮಾತು" ಎಂದ ಅವನು. ಹೇಳಿದ ಮೇಲೆ ತನಗೇ ಕೇಳಿಸಿತು, ಎಂಥ ಮಾತು ಅದು ಎಂದು. ಸತ್ತ ಅತ್ತೆಯ ಒಂದು ಕನಿಕರದ ಮಾತನ್ನೂ ಮಗಳಿಗೆ ಸಿಗದ ಹಾಗೆ ಬಚ್ಚಿಟ್ಟು, ಯಾರೋ ಗುರುತಿಲ್ಲದವಳಿಗೆ ಬರೆದು ಕಳಿಸಿದ್ದ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೇರೆಯೇ ಒಂದು ಪ್ರಶ್ನೆ ಕೇಳಿದಳು.

"ನನ್ನ ಗೇಮಲ್ಲಿ ಕೊನೇ ದುಪ್ಪಟಿ ಮಡಚಿ ಆದ್ಮೇಲೆ ಏನಾಗತ್ತೆ, ಹೇಳಿ ನೋಡೋಣ."

ಆರು ಲಕ್ಷ ಜನಕ್ಕೆ ಅದು ಗೊತ್ತಿತ್ತು. ಅವನು ಅಂಗಡಿಗೆ ಹಾಕುವಾಗ ಗೇಮ್ ತೆರೆಯುತ್ತದೆಯೇ, ಮುಚ್ಚುತ್ತದೆಯೇ ಎಂದಷ್ಟೇ ನೋಡಿದ್ದ; ಒಮ್ಮೆಯೂ ಆಡಿರಲಿಲ್ಲ.

"ಮೂರು ಸಾವಿರ ಜನಕ್ಕೆ ಉತ್ತರ ಕೊಟ್ರಿ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಅವನು ಜೇಬಿನಿಂದ ಫೋನು ತೆಗೆದು, ಅಂಗಡಿ ತೆರೆದು, ದುಪ್ಪಟಿಯನ್ನು ಇಳಿಸಿಕೊಂಡ. ಬಿಳಿ ಹಾಳೆಯಂಥ ಜಾಗದಲ್ಲಿ ನೀಲಿ ಅಂಚಿನ ದುಪ್ಪಟಿಯೊಂದು ಬಂದು ಹರಡಿಕೊಂಡಿತು. ಒಂದು ತುದಿ ಹಿಡಿದು ಇನ್ನೊಂದು ತುದಿಗೆ ಎಳೆದ, ಮತ್ತೊಮ್ಮೆ ಎಳೆದ, ಆಯಿತೆಂದು ಕೈಬಿಟ್ಟ. ಅಂಚು ಬೆರಳಗಲ ತಪ್ಪಿತ್ತು. ತಪ್ಪೆಂದು ಗೇಮ್ ಹೇಳಲಿಲ್ಲ, ಸದ್ದನ್ನೂ ಮಾಡಲಿಲ್ಲ. ದುಪ್ಪಟಿಯನ್ನು ಮಡಿಕೆ ಮಡಿಕೆಯಾಗಿ ಬಿಡಿಸಿ ಮತ್ತೆ ಅವನ ಮುಂದೆ ಹಾಸಿತು.

ಅವನು ಬೆರಳನ್ನು ಅಂಗಿಗೆ ಒರೆಸಿಕೊಂಡು, ಮೊದಲಿನ ತುದಿಯನ್ನು ಹಿಡಿದ.